ಐಸಿಸ್ ಹುಟ್ಟಿಸಿದ್ದು ಯಾರು, ಸೋಲಿಸಿದ್ದು ಯಾರು? ಗೌರಿಬಿದನೂರಿನ ತರಗತಿಯಲ್ಲಿ ಈ ವಾದ ನಡೆಸಿದ ನನ್ನ ಅನುಭವ

ಇರಾಕ್, ಸಿರಿಯಾದಲ್ಲಿ ನೆಲ ಹಿಡಿದಿದ್ದ ಉಗ್ರರ ಗುಂಪು ಐಸಿಸ್ (ಇಸ್ಲಾಮಿಕ್ ಸ್ಟೇಟ್) ಬಗ್ಗೆ ಎರಡು ಪ್ರಶ್ನೆ ಕೇಳಿ ನೋಡಿ. ಹುಟ್ಟಿಸಿದ್ದು ಯಾರು? ಸೋಲಿಸಿದ್ದು ಯಾರು? ಎಲ್ಲರ ಬಳಿಯೂ ಉತ್ತರ ರೆಡಿ ಇರುತ್ತದೆ. ಆದರೆ ಒಬ್ಬರ ಉತ್ತರ ಇನ್ನೊಬ್ಬರಿಗೆ ಒಪ್ಪಿಗೆಯಾಗುವುದಿಲ್ಲ. ನಾನು ಗೌರಿಬಿದನೂರಿನಲ್ಲಿ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವವರಿಗೆ ಪ್ರಚಲಿತ ವಿದ್ಯಮಾನ ಪಾಠ ಮಾಡುತ್ತೇನೆ. ನಮ್ಮಲ್ಲಿ ಈ ವಾದದ ಬಿಸಿ ಸ್ವಲ್ಪ ಜಾಸ್ತಿ. ಅಲೀಪುರ ನಮ್ಮ ತಾಲ್ಲೂಕಿನದೇ ಊರು. ಅಲ್ಲಿರುವ ಬಹುತೇಕರು ಶಿಯಾ ಮುಸ್ಲಿಮರು. ಉಳಿದ ಮಕ್ಕಳಿಗೆ ಇರಾಕ್ ಎಂದರೆ ಟಿವಿಯಲ್ಲಿ ಕಂಡ ದೇಶ. ಅಲೀಪುರದಿಂದ ಬರುವವರಿಗೆ ಅದು ಕರ್ಬಲಾ, ನಜಫ್ ಇರುವ ನೆಲ, ಮನೆಯ ಹಿರಿಯರು ಯಾತ್ರೆಗೆ ಹೋಗಿಬಂದ ಜಾಗ.

'ಈ ವಿಷಯ ಯಾಕೆ ಸಾರ್, ಪರೀಕ್ಷೆಗೆ ಬಂದರೆ ಒಂದು ಪ್ರಶ್ನೆ ಬರುತ್ತೆ, ಬಿಟ್ಟುಬಿಡಿ' ಎಂದವರಿದ್ದಾರೆ. ನನಗೆ ಅದು ಸರಿ ಅನ್ನಿಸಲಿಲ್ಲ. ನಾಳೆ ಇದೇ ಮಕ್ಕಳು ಠಾಣೆಯಲ್ಲಿ, ತಾಲ್ಲೂಕು ಕಚೇರಿಯಲ್ಲಿ ಕೂರುತ್ತಾರೆ. ಮೊಬೈಲಿಗೆ ಬಂದ ಎರಡು ನಿಮಿಷದ ವಿಡಿಯೊ ನಂಬಿ ಪಕ್ಕದ ಮನೆಯವರನ್ನು ಅಳೆಯುವ ಅಧಿಕಾರಿ ನಮಗೆ ಬೇಡ. ಅದಕ್ಕೇ ವಾದವನ್ನು ನಿಲ್ಲಿಸುವ ಬದಲು ಸರಿಯಾಗಿ ನಡೆಸುವ ದಾರಿ ಹುಡುಕಿದೆ. ಈಗ ಪ್ರತಿ ಹೊಸ ಬ್ಯಾಚಿಗೂ ಹಾಗೇ ಮಾಡುತ್ತೇನೆ.

ಮೊದಲು ಒಂದು ಕಟ್ಟುಪಾಡು. ಐಸಿಸ್ ಮಾಡಿದ್ದಕ್ಕೆ ಈ ಕೋಣೆಯಲ್ಲಿ ಯಾರೂ ಉತ್ತರ ಕೊಡಬೇಕಾಗಿಲ್ಲ. ಇದನ್ನು ಬಾಯಿಬಿಟ್ಟು ಹೇಳುತ್ತೇನೆ. ಏಕೆಂದರೆ ಈ ಹೆಸರು ಎತ್ತಿದ ಕೂಡಲೇ ಕೆಲವರ ಕಣ್ಣು ಮುಸ್ಲಿಂ ಹೆಣ್ಣುಮಕ್ಕಳು ಕೂತ ಬೆಂಚಿನ ಕಡೆ ತಿರುಗುತ್ತದೆ. ಅದನ್ನು ನೋಡಿದಾಗ ನನಗೆ ಹೊಟ್ಟೆ ಸಂಕಟವಾಗುತ್ತದೆ. ಆಮೇಲೆ ಬೋರ್ಡಿನ ಮೇಲೆ ಬರೆಯುವುದು ಐಸಿಸ್ ಯಾರನ್ನು ಕೊಂದಿತು ಎಂಬುದನ್ನು. 2014ರ ಜೂನ್‌ನಲ್ಲಿ ಇರಾಕಿನ ತಿಕ್ರಿತ್ ಬಳಿಯ ಸ್ಪೈಕರ್ ಸೇನಾ ಶಿಬಿರದಿಂದ ಹೊರಟ ಯುವಕರನ್ನು, ಹೆಚ್ಚಿನವರು ಶಿಯಾಗಳು, ಹಿಡಿದು ಸಾಲಾಗಿ ಕೊಂದರು. 1,700 ಜನ ಎಂದು ಐಸಿಸ್ಸೇ ಹೆಮ್ಮೆಯಿಂದ ಹೇಳಿಕೊಂಡಿತು. ಅದೇ ವರ್ಷದ ಕೊನೆಯಲ್ಲಿ ಅನ್ಬಾರ್ ಪ್ರಾಂತ್ಯದಲ್ಲಿ ಅಲ್ಬು ನಿಮ್ರ್ ಎಂಬ ಸುನ್ನಿ ಬುಡಕಟ್ಟಿನ ನೂರಾರು ಜನರನ್ನು ಕೊಂದರು, ಎದುರು ನಿಂತರು ಎಂಬ ಕಾರಣಕ್ಕೆ. ಸಿಂಜಾರ್‌ನಲ್ಲಿ ಯಜೀದಿ ಎಂಬ ಅಲ್ಪಸಂಖ್ಯಾತ ಧರ್ಮದ ಗಂಡಸರನ್ನು ಕೊಂದು, ಹೆಣ್ಣುಮಕ್ಕಳನ್ನು ಮಾರಿದರು. ಮೊಸೂಲ್‌ನಲ್ಲಿ ಕೂಲಿಗೆ ಹೋಗಿದ್ದ ನಮ್ಮ ದೇಶದ 39 ಜನರನ್ನು ಕೊಂದರು. ಆ ಮನೆಯವರು 2018ರ ಮಾರ್ಚ್‌ವರೆಗೂ ತಮ್ಮವರು ಬದುಕಿರಬಹುದು ಎಂದೇ ಕಾದಿದ್ದರು. ಈ ಪಟ್ಟಿ ಬೋರ್ಡಿಗೆ ಬಂದ ಮೇಲೆ ವಾದದ ಧಾಟಿಯೇ ಬೇರೆಯಾಗುತ್ತದೆ.

ಆಮೇಲೆ ಚಾರ್ಟ್ ಹಾಳೆಗಳನ್ನು ಉದ್ದಕ್ಕೆ ಅಂಟಿಸಿ ಗೋಡೆಗೆ ಹಾಕುತ್ತೇವೆ. ಎಡ ತುದಿಗೆ 1999 ಎಂದು ಬರೆಯುತ್ತೇನೆ. ಮಕ್ಕಳಿಗೆ ಆಶ್ಚರ್ಯ. ಹೆಚ್ಚಿನವರಿಗೆ ಐಸಿಸ್ ಎಂದರೆ 2014. ಆದರೆ ಇದರ ಬೇರು ಜೋರ್ಡಾನ್‌ನ ಅಬು ಮುಸಾಬ್ ಅಲ್ ಜರ್ಖಾವಿ 1999ರಲ್ಲಿ ಕಟ್ಟಿದ ಗುಂಪಿನಲ್ಲಿದೆ. 2004ರ ಅಕ್ಟೋಬರ್‌ನಲ್ಲಿ ಅದು ಅಲ್ ಖೈದಾ ಜೊತೆ ಸೇರಿತು. 2006ರ ಜೂನ್‌ನಲ್ಲಿ ಜರ್ಖಾವಿ ಸತ್ತ. ಅದೇ ವರ್ಷ ಅಕ್ಟೋಬರ್‌ನಲ್ಲಿ 'ಇಸ್ಲಾಮಿಕ್ ಸ್ಟೇಟ್ ಆಫ್ ಇರಾಕ್' ಎಂಬ ಹೆಸರು ಬಂತು. 2010ರಲ್ಲಿ ಅಬು ಬಕರ್ ಅಲ್ ಬಾಗ್ದಾದಿ ನಾಯಕನಾದ.

ಇದಾದ ಮೇಲೆ ವಾದ ಶುರು. ಪ್ರತಿಯೊಬ್ಬರೂ ತಮ್ಮ ಉತ್ತರವನ್ನು ಒಂದು ಚೀಟಿಯಲ್ಲಿ ಬರೆದು ಹಾಳೆಗೆ ಅಂಟಿಸಬೇಕು. ಯಾವ ತಿಂಗಳು, ಯಾವ ಊರು ಎಂದು ಹೇಳದ ಚೀಟಿಗೆ ಜಾಗವಿಲ್ಲ. 'ಅಮೆರಿಕಾನೇ ಸಾರ್ ಮಾಡಿದ್ದು' ಎಂದರೆ ಸಾಲದು. ಯಾವ ಅಮೆರಿಕ, ಯಾವ ವರ್ಷ, ಏನು ಮಾಡಿತು? ಜೊತೆಗೆ ನಾನು ಮೂರು ಸಾಲು ಎಳೆದಿರುತ್ತೇನೆ: ಬಿತ್ತಿದವರು, ನೀರು ಬಿಟ್ಟವರು, ಬೇಲಿ ಕಿತ್ತವರು. ನಮ್ಮ ಮಕ್ಕಳಲ್ಲಿ ಜೋಳ, ಹಿಪ್ಪುನೇರಳೆ ಬೆಳೆಯುವ ಮನೆಯವರೇ ಜಾಸ್ತಿ, ಬಿಡಿಸಿ ಹೇಳಬೇಕಾಗಿಲ್ಲ. ಚೀಟಿ ಯಾವ ಸಾಲಿಗೆ ಹೋಗಬೇಕು ಎಂಬುದೇ ಅರ್ಧ ವಾದ.

ಒಂದು ಉದಾಹರಣೆ. 2016ರ ಆಗಸ್ಟ್‌ನಲ್ಲಿ ಟ್ರಂಪ್, ಐಸಿಸ್ ಸ್ಥಾಪಕ ಒಬಾಮಾ ಎಂದು ಚುನಾವಣಾ ಭಾಷಣದಲ್ಲಿ ಹೇಳಿದ್ದರು. ಈ ಚೀಟಿ ಪ್ರತಿ ಬ್ಯಾಚಿನಲ್ಲೂ ಬರುತ್ತದೆ. ಒಬಾಮಾ ಅಧಿಕಾರಕ್ಕೆ ಬಂದಿದ್ದು 2009ರ ಜನವರಿಯಲ್ಲಿ. ಆಗ ಆ ಗುಂಪು ತನ್ನ ಹೊಸ ಹೆಸರಿಟ್ಟುಕೊಂಡು ಎರಡು ವರ್ಷ ದಾಟಿತ್ತು. ಹಾಗಾಗಿ ಬಿತ್ತಿದವರ ಸಾಲಿನಿಂದ ಚೀಟಿ ಕಿತ್ತು ಬರುತ್ತದೆ. 'ಹಾಗಾದ್ರೆ ಸೈನ್ಯ ವಾಪಸ್ ಕರೆಸಿಕೊಂಡಿದ್ದು?' ಎಂದು ಚೀಟಿ ಬರೆದ ಹುಡುಗ ಬಿಡುವುದಿಲ್ಲ. ಒಳ್ಳೆಯ ಪ್ರಶ್ನೆಯೇ. 2011ರ ಡಿಸೆಂಬರ್‌ನಲ್ಲಿ ಅಮೆರಿಕದ ಸೇನೆ ಹೊರಟಿತು. ಚೀಟಿ ಬೇಲಿಯ ಸಾಲಿಗೆ ಹೋಯಿತು. ತಕ್ಷಣ ಇನ್ನೊಬ್ಬಳು ಎದ್ದು, ಹೊರಡುವ ಗಡುವಿನ ಒಪ್ಪಂದಕ್ಕೆ ಸಹಿ ಬಿದ್ದಿದ್ದು 2008ರಲ್ಲಿ, ಬುಷ್ ಕಾಲದಲ್ಲಿ ಎಂದು ಅದರ ಪಕ್ಕದಲ್ಲೇ ಇನ್ನೊಂದು ಚೀಟಿ ಅಂಟಿಸಿದಳು.

ಬೇಲಿ ಕಿತ್ತವರ ಸಾಲಿನಲ್ಲಿ 2003ರ ಮೇ ತಿಂಗಳಿಗೆ ಬಂದಷ್ಟು ಚೀಟಿ ಬೇರೆಲ್ಲೂ ಬರುವುದಿಲ್ಲ. ಅಮೆರಿಕದ ಆಡಳಿತಾಧಿಕಾರಿ ಪಾಲ್ ಬ್ರೆಮರ್ ಒಂದೇ ತಿಂಗಳಲ್ಲಿ ಎರಡು ಆದೇಶ ಹೊರಡಿಸಿದರು. ಒಂದು, ಸದ್ದಾಂ ಹುಸೇನನ ಬಾತ್ ಪಕ್ಷದ ಮೇಲಿನ ಹಂತದವರನ್ನು ಸರ್ಕಾರಿ ಕೆಲಸದಿಂದ ತೆಗೆದುಹಾಕಿತು. ಇನ್ನೊಂದು, ಇರಾಕಿನ ಸೇನೆಯನ್ನೇ ವಿಸರ್ಜಿಸಿತು. ಬಂದೂಕು ಹಿಡಿಯಲು ಗೊತ್ತಿದ್ದ ಲಕ್ಷಾಂತರ ಗಂಡಸರು ಸಂಬಳ, ಮರ್ಯಾದೆ ಎರಡೂ ಕಳೆದುಕೊಂಡು ಮನೆಗೆ ಬಂದರು. ಅವರಲ್ಲಿ ಕೆಲವರು ಮುಂದೆ ಐಸಿಸ್‌ನ ದೊಡ್ಡ ಹುದ್ದೆಗಳಲ್ಲಿ ಕಾಣಿಸಿಕೊಂಡರು. ಸದ್ದಾಂನ ವಾಯು ರಕ್ಷಣಾ ಪಡೆಯ ಗುಪ್ತಚರ ವಿಭಾಗದಲ್ಲಿ ಕರ್ನಲ್ ಆಗಿದ್ದ ಹಾಜಿ ಬಕರ್ 2014ರ ಜನವರಿಯಲ್ಲಿ ಸಿರಿಯಾದಲ್ಲಿ ಸತ್ತ. ಅವನ ಬಳಿ ಸಿಕ್ಕ ಕಾಗದಗಳನ್ನು ಮರುವರ್ಷ ಜರ್ಮನಿಯ ಡೆರ್ ಸ್ಪೀಗೆಲ್ ಪತ್ರಿಕೆ ಪ್ರಕಟಿಸಿತು. ಪ್ರತಿ ಹಳ್ಳಿಯಲ್ಲೂ ಗೂಢಚಾರರನ್ನು ಹೇಗೆ ಇಡಬೇಕು ಎಂಬ ಯೋಜನೆ ಅದರಲ್ಲಿತ್ತು. ಇದನ್ನು ಓದಿ ಕೆಲವರು ಐಸಿಸ್ ಎಂದರೆ ಗಡ್ಡ ಬಿಟ್ಟ ಬಾತ್ ಪಕ್ಷ ಅಷ್ಟೇ ಎಂದರು. ಹಾಗಲ್ಲ, ಆ ಅಧಿಕಾರಿಗಳು ಸೇರಿದ್ದು ಜರ್ಖಾವಿಯ ವಿಚಾರವನ್ನು ಒಪ್ಪಿಯೇ ಎಂದು ಇನ್ನು ಕೆಲವು ಸಂಶೋಧಕರು ವಾದಿಸುತ್ತಾರೆ. ನನಗೆ ಎರಡನೆಯದು ಹೆಚ್ಚು ಸರಿ ಅನ್ನಿಸುತ್ತದೆ. ಕೆಲಸ ಹೋಗಿದ್ದಕ್ಕೆ ಮಾತ್ರ ಒಬ್ಬ ಮನುಷ್ಯ ಯಜೀದಿ ಹುಡುಗಿಯನ್ನು ಸಂತೆಯಲ್ಲಿ ಮಾರುವುದಿಲ್ಲ. ಅದಕ್ಕೆ ಒಂದು ವಿಚಾರದ ಬಲ ಬೇಕು. ಆ ವಿಚಾರವನ್ನು ಮೊದಲು ತಿರಸ್ಕರಿಸಿದವರಲ್ಲಿ ಮುಸ್ಲಿಂ ವಿದ್ವಾಂಸರೇ ಇದ್ದರು ಎಂಬುದೂ ಹಾಳೆಯ ಮೇಲೆ ಬರುತ್ತದೆ. 2014ರ ಸೆಪ್ಟೆಂಬರ್‌ನಲ್ಲಿ 120ಕ್ಕೂ ಹೆಚ್ಚು ಜನ ಬಾಗ್ದಾದಿಗೆ ಬಹಿರಂಗ ಪತ್ರ ಬರೆದಿದ್ದರು.

ಇನ್ನೊಂದು ಕಾಗದದ ಬಗ್ಗೆ ಹೇಳಲೇಬೇಕು. 2012ರ ಆಗಸ್ಟ್‌ನಲ್ಲಿ ಅಮೆರಿಕದ ರಕ್ಷಣಾ ಗುಪ್ತಚರ ಸಂಸ್ಥೆ ಬರೆದ ವರದಿಯೊಂದು 2015ರಲ್ಲಿ ಕೋರ್ಟ್ ಮೂಲಕ ಹೊರಬಂತು. ಪೂರ್ವ ಸಿರಿಯಾದಲ್ಲಿ ಒಂದು ಸಲಫಿ (ಕಟ್ಟಾ ಸುನ್ನಿ ಪಂಥದ) ಸಂಸ್ಥಾನ ತಲೆಯೆತ್ತುವ ಸಾಧ್ಯತೆ ಇದೆ, ಸಿರಿಯಾ ಸರ್ಕಾರದ ವಿರೋಧಿಗಳ ಬೆನ್ನಿಗಿರುವ ಶಕ್ತಿಗಳಿಗೆ ಬೇಕಾಗಿರುವುದೂ ಅದೇ ಎಂದು ಅದರಲ್ಲಿತ್ತು. ಅಮೆರಿಕವೇ ಐಸಿಸ್ ಕಟ್ಟಿತು ಎನ್ನುವವರ ದೊಡ್ಡ ಅಸ್ತ್ರ ಇದು. ಇದನ್ನು ನಾನು ತಳ್ಳಿಹಾಕುವುದಿಲ್ಲ, ಸಾಲು ಸಾಲಾಗಿ ಓದಿಸುತ್ತೇನೆ. ಇದು ಆದೇಶವೋ, ಮುನ್ಸೂಚನೆಯೋ? ಅಂತಿಮವಾಗಿ ಪರಿಶೀಲಿಸದ ಮಾಹಿತಿ ಎಂದು ಅದರ ಮೇಲೆಯೇ ಬರೆದಿದೆ. ಗುಂಪಂತೂ ಆರು ವರ್ಷ ಮೊದಲೇ ಇತ್ತು. ಆದರೆ ಎಚ್ಚರಿಕೆ ಸಿಕ್ಕ ಮೇಲೂ ಸಿರಿಯಾದೊಳಕ್ಕೆ ಶಸ್ತ್ರಾಸ್ತ್ರ ಹರಿಯಿತು, ಅದರಲ್ಲಿ ಒಂದಷ್ಟು ಐಸಿಸ್ ಕೈಗೆ ಸೇರಿತು. ಹಾಗಾಗಿ ಅಮೆರಿಕದ ಚೀಟಿ ನೀರು ಬಿಟ್ಟವರ ಸಾಲಿಗೆ ಬಂತು. ಸಿರಿಯಾದ ಆಗಿನ ಅಧ್ಯಕ್ಷ ಅಸಾದ್ ಚೀಟಿಯೂ ಅಲ್ಲೇ ಪಕ್ಕದಲ್ಲಿ: 2011ರಲ್ಲಿ ಬೀದಿಯಲ್ಲಿ ಶಾಂತವಾಗಿ ಪ್ರತಿಭಟಿಸಿದವರ ಮೇಲೆ ಗುಂಡು ಹಾರಿಸಿ, ಅದೇ ವರ್ಷ ಸೈದ್ನಾಯಾ ಜೈಲಿನಿಂದ ಜಿಹಾದಿಗಳನ್ನು ಹೊರಗೆ ಬಿಟ್ಟ ಸರ್ಕಾರ ಅದು.

ಸೋಲಿನ ಹಾಳೆ ಬೇರೆ. ಅಲ್ಲಿ ಮೊದಲು ಯಾರ್‍ಯಾರು ಗೆದ್ದೆವು ಎಂದರು ಎಂದು ಬರೆಯುತ್ತೇವೆ. 2017ರ ನವೆಂಬರ್ 21ರಂದು ಇರಾನಿನ ಆಗಿನ ಅಧ್ಯಕ್ಷ ರೂಹಾನಿ. ಡಿಸೆಂಬರ್ 9ರಂದು ಇರಾಕಿನ ಆಗಿನ ಪ್ರಧಾನಿ ಅಬಾದಿ. ಅದಾದ ಎರಡೇ ದಿನಕ್ಕೆ ಪುಟಿನ್ ಸಿರಿಯಾದ ವಾಯುನೆಲೆಯಲ್ಲಿ ನಿಂತು ಕೆಲಸ ಮುಗಿಯಿತು ಎಂದರು. ಮರುವರ್ಷ ಡಿಸೆಂಬರ್‌ನಲ್ಲಿ ಟ್ರಂಪ್. ಟ್ರಂಪ್ ಹೇಳಿದ ಮೇಲೂ ಮೂರು ತಿಂಗಳು ಕಾದಾಟ ನಡೆದು, 2019ರ ಮಾರ್ಚ್ 23ರಂದು ಐಸಿಸ್ ಕೈಯಲ್ಲಿ ಕೊನೆಗೆ ಉಳಿದಿದ್ದ, ಸಿರಿಯಾದ ಬಾಗೂಜ್ ಎಂಬ ಹಳ್ಳಿ ಬಿದ್ದಿತು.

ಆಮೇಲೆ ಊರೂರು ಹಿಡಿದು ಹೋಗುತ್ತೇವೆ. ಸಿರಿಯಾದ ಕೊಬಾನಿಯಲ್ಲಿ 2015ರ ಜನವರಿಯಲ್ಲಿ ನೆಲದ ಮೇಲೆ ಕುರ್ದ್ ಹೋರಾಟಗಾರರು, ಹೆಣ್ಣುಮಕ್ಕಳೂ ಸೇರಿ, ಮೇಲೆ ಅಮೆರಿಕದ ವಿಮಾನ. ತಿಕ್ರಿತ್‌ನಲ್ಲಿ ಇರಾಕ್ ಸೇನೆ ಮತ್ತು ಹಶ್ದ್ ಎಂಬ, ಹೆಚ್ಚಾಗಿ ಶಿಯಾ ಸ್ವಯಂಸೇವಕರ ಪಡೆಗಳು, ಇರಾನಿನ ಸಲಹೆಗಾರರು, ಕೊನೆಗೆ ಅಮೆರಿಕದ ಬಾಂಬು. ಪಾಲ್ಮೈರಾವನ್ನು ಸಿರಿಯಾ ಸೇನೆ ರಷ್ಯಾ ಜೊತೆ 2016ರ ಮಾರ್ಚ್‌ನಲ್ಲಿ ಗೆದ್ದಿತು, ಡಿಸೆಂಬರ್‌ನಲ್ಲಿ ಕಳೆದುಕೊಂಡಿತು, 2017ರ ಮಾರ್ಚ್‌ನಲ್ಲಿ ಮತ್ತೆ ಗೆದ್ದಿತು. ಮೊಸೂಲ್ ಒಂಬತ್ತು ತಿಂಗಳ ಯುದ್ಧ, ಇರಾಕ್ ಸೈನಿಕರ ಮನೆಗಳು ಬರಿದಾದ ಯುದ್ಧ. ಸಿರಿಯಾದ ರಖ್ಖಾ ಮತ್ತು ಬಾಗೂಜ್ ಗೆದ್ದಿದ್ದು ಕುರ್ದರ ಮುಂದಾಳತ್ವದ ಎಸ್‌ಡಿಎಫ್ (ಸಿರಿಯನ್ ಡೆಮಾಕ್ರಟಿಕ್ ಫೋರ್ಸಸ್) ಪಡೆ. ಅದು ತನ್ನ ಕಡೆ ಸತ್ತವರು ಸುಮಾರು 11,000 ಎಂದಿತ್ತು. ಇಷ್ಟೂ ಬರೆದ ಮೇಲೆ ಒಂದೇ ದೇಶದ ಹೆಸರು ಹೇಳಿ ಗೆದ್ದದ್ದು ಅವರೇ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಅಲೀಪುರದ ಒಬ್ಬ ಹುಡುಗಿ ಇಲ್ಲಿಯವರೆಗೂ ಸುಮ್ಮನಿದ್ದವಳು ಎದ್ದಳು. 'ಸಾರ್, ಸಿಸ್ತಾನಿ ಸಾಹೇಬರ ಫತ್ವಾ ಬಂದಿದ್ದು ಜೂನ್ 13. ಅಮೆರಿಕದ ವಿಮಾನ ಬಂದಿದ್ದು ಆಗಸ್ಟ್‌ನಲ್ಲಿ. ನಡುವೆ ಬಾಗ್ದಾದ್ ಉಳಿಸಿದ್ದು ಯಾರು?' ಎಂದಳು. 2014ರಲ್ಲಿ ಮೊಸೂಲ್‌ನಲ್ಲಿ ಇರಾಕ್ ಸೇನೆ ಓಡಿಹೋದ ಮೂರೇ ದಿನಕ್ಕೆ, ಐಸಿಸ್ ವಿರುದ್ಧ ಬಂದೂಕು ಹಿಡಿಯಿರಿ ಎಂಬ ನಜಫ್‌ನ ಶಿಯಾ ಹಿರಿಯ ಧರ್ಮಗುರು ಸಿಸ್ತಾನಿಯವರ ಆ ಕರೆ ಬಂದಿತ್ತು, ಸಾವಿರಾರು ಜನ ಹೆಸರು ಬರೆಸಿದ್ದರು. ತಾರೀಖು ಅವಳ ಪರವಾಗಿತ್ತು. ಚೀಟಿ ಅಂಟಿತು. ಪಕ್ಕದ ಸಾಲಿನ ಹುಡುಗ, ಅದೇ ಹಶ್ದ್ ಪಡೆಗಳು ಸುನ್ನಿ ಊರುಗಳಲ್ಲಿ ಮಾಡಿದ್ದನ್ನೂ ಬರೆಯಬೇಕು ಎಂದ. 2016ರಲ್ಲಿ ಸಕ್ಲಾವಿಯಾದಿಂದ ನೂರಾರು ಗಂಡಸರು ಕಾಣೆಯಾದ ವಿಷಯ ಓದಿದ. 'ಬರೀರಿ ಸಾರ್, ಅದೂ ನಿಜಾನೇ ಅಲ್ವಾ' ಎಂದಳು ಆ ಹುಡುಗಿ. ಆ ಮಾತಿಗೆ ನಾನು ಅವಳನ್ನು ಎಲ್ಲರ ಎದುರೇ ಮೆಚ್ಚಿಕೊಂಡೆ.

ಅವತ್ತಿನಿಂದ ಸೋಲಿನ ಹಾಳೆಯಲ್ಲಿ ಇನ್ನೊಂದು ಸಾಲು ಸೇರಿತು: ಸತ್ತ ಸಾಮಾನ್ಯ ಜನ. ಇದಕ್ಕೆ ನಮ್ಮ ತಾಲ್ಲೂಕಿನದೇ ಪಾಠ ಇದೆ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹದ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಎಂದು ಜನ ಹೇಳುತ್ತಾರೆ. ಸರ್ಕಾರದ ಲೆಕ್ಕ ಅದಕ್ಕಿಂತ ತುಂಬಾ ಕಡಿಮೆ. ಎಣಿಸಿದವರು ಯಾರು ಎಂಬುದನ್ನು ಸಂಖ್ಯೆಯ ಪಕ್ಕದಲ್ಲೇ ಬರೆಯಬೇಕು ಎಂದರೆ ನಮ್ಮ ಮಕ್ಕಳಿಗೆ ತಕ್ಷಣ ಹಿಡಿಸುತ್ತದೆ. ರಖ್ಖಾದಲ್ಲಿ 1,600ಕ್ಕೂ ಹೆಚ್ಚು ಸಾಮಾನ್ಯರು ಸತ್ತರು ಎಂದು ಮಾನವ ಹಕ್ಕು ಸಂಸ್ಥೆ ಅಮ್ನೆಸ್ಟಿ ಮತ್ತು ವಾಯುದಾಳಿಯಲ್ಲಿ ಸತ್ತವರನ್ನು ಎಣಿಸುವ ಏರ್‌ವಾರ್ಸ್ 2019ರಲ್ಲಿ ಲೆಕ್ಕ ಕೊಟ್ಟವು. ಅಮೆರಿಕದ ಮೈತ್ರಿಕೂಟ ಆಗ ಒಪ್ಪಿದ್ದು ಅದರ ಹತ್ತನೇ ಒಂದು ಭಾಗ. ಎರಡನ್ನೂ ಬರೆಯುತ್ತೇವೆ, ಹೇಳಿದವರ ಹೆಸರಿನ ಜೊತೆ.

ಸೋತಿತೇ ಎಂಬ ಪ್ರಶ್ನೆಗೆ ಹಾಳೆ 2019ಕ್ಕೆ ನಿಲ್ಲುವುದಿಲ್ಲ. ನೆಲ ಹೋಯಿತು, ಗುಂಪು ಉಳಿಯಿತು. 2022ರ ಜನವರಿಯಲ್ಲಿ ಸಿರಿಯಾದ ಹಸಕಾ ಜೈಲಿನ ಮೇಲೆ ದಾಳಿ ಮಾಡಿ ತಮ್ಮವರನ್ನು ಬಿಡಿಸಲು ನೋಡಿದರು. 2024ರ ಮಾರ್ಚ್‌ನಲ್ಲಿ ಮಾಸ್ಕೋದ ಸಭಾಂಗಣದಲ್ಲಿ 140ಕ್ಕೂ ಹೆಚ್ಚು ಜನರನ್ನು ಕೊಂದದ್ದು ಇದರ ಅಫ್ಘಾನಿಸ್ತಾನದ ಕಡೆಯ ಖೊರಾಸಾನ್ ಶಾಖೆ.

ನೀವೂ ಇದನ್ನು ಮಾಡುವುದಾದರೆ ಕೊನೆಯ ಕೆಲಸವನ್ನು ಬಿಡಬೇಡಿ. ಪ್ರತಿಯೊಬ್ಬರೂ ತಾವು ಒಪ್ಪದ ವಾದವನ್ನು ಒಂದು ಪುಟದಲ್ಲಿ ಬರೆಯಬೇಕು. ಆ ವಾದದವರು ಓದಿ, ಹೌದು, ನನ್ನ ಮಾತು ಇದೇ ಎನ್ನುವವರೆಗೂ ತಿದ್ದಬೇಕು. ಸಮಯ ತುಂಬಾ ಹಿಡಿಯುತ್ತದೆ. ಗೊಣಗುತ್ತಾರೆ. ಆದರೂ ಬಿಡಬೇಡಿ.

ಅಮೆರಿಕದ ಸೇನೆ ಹೊರಟ 2011ರ ಚೀಟಿ ಬಗ್ಗೆ, ಅದನ್ನು ಬರೆದ ಹುಡುಗ ಮತ್ತು ಪಕ್ಕದಲ್ಲಿ 2008ರ ಚೀಟಿ ಅಂಟಿಸಿದ ಹುಡುಗಿ ಇನ್ನೂ ಒಪ್ಪಿಲ್ಲ. ಸೇನೆ ಇದ್ದಿದ್ದರೆ ಮೊಸೂಲ್ ಬೀಳುತ್ತಿರಲಿಲ್ಲ ಎಂದು ಅವನು. ಇರಾಕಿನ ಆಗಿನ ಪ್ರಧಾನಿ ಮಾಲಿಕಿ ಸುನ್ನಿಗಳನ್ನು ನಡೆಸಿಕೊಂಡ ರೀತಿಯನ್ನು ಯಾವ ಸೇನೆ ತಡೆಯುತ್ತಿತ್ತು ಎಂದು ಅವಳು. ನನ್ನನ್ನು ಕೇಳಿದರೆ ನಾನು ಅವಳ ಕಡೆ. 2013ರ ಏಪ್ರಿಲ್‌ನಲ್ಲಿ ಇರಾಕಿನ ಹವೀಜಾದಲ್ಲಿ ಧರಣಿ ಕೂತಿದ್ದ ಹತ್ತಾರು ಸುನ್ನಿಗಳನ್ನು ಸರ್ಕಾರದ ಪಡೆಗಳೇ ಕೊಂದವು. ಮರುವರ್ಷ ಆ ಊರೂ ಐಸಿಸ್ ಕೈಗೆ ಹೋಯಿತು.