ರೇಷ್ಮೆ ಹುಳು ಮನೆಯ ಮಂದ ಬೆಳಕಿನಲ್ಲಿ ಕ್ಯಾಮೆರಾ: ನನ್ನ ಅನುಭವ

ಕತ್ತಲಲ್ಲಿ ಕ್ಯಾಮೆರಾ ಸರಿಯಾಗಿ ನೋಡುತ್ತಿಲ್ಲ ಅಂದರೆ ಎಲ್ಲರೂ ಕೊಡುವ ಸಲಹೆ ಒಂದೇ: ಒಂದು ಒಳ್ಳೆ ಲೈಟ್ ಹಾಕಿ. ಫ್ಯಾಕ್ಟರಿಯಾಗಿದ್ದರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ನನಗೆ ಬಂದ ಕೆಲಸ ಶಿಡ್ಲಘಟ್ಟದ ಹತ್ತಿರ ನಮ್ಮ ಭಾವನ ಹುಳು ಮನೆಯಲ್ಲಿ. ರೇಷ್ಮೆ ಹುಳುವಿಗೆ 15ರಿಂದ 20 ಲಕ್ಸ್‌ನಷ್ಟು (ಲಕ್ಸ್ ಅಂದರೆ ಬೆಳಕಿನ ಅಳತೆ) ಮಂದ ಬೆಳಕೇ ಹಿತ. ಆಫೀಸಿನ ಮೇಜಿಗೆ 500 ಲಕ್ಸ್ ಇರಲಿ ಅನ್ನುತ್ತಾರೆ, ಹೋಲಿಸಿ ನೋಡಿ. ನಾನು ಟಾರ್ಚ್ ತೆಗೆದ ಕೂಡಲೇ ಭಾವ ತಡೆದರು: "ಲೈಟ್ ಗೀಟ್ ಏನೂ ಹಾಕ್ಬೇಡಪ್ಪ. ಹುಳ ಎಲ್ಲಾ ಒಂದ್ಕಡೆ ಸೇರ್ಕೊಂಡ್ಬಿಡ್ತವೆ."

ಅವರಿಗೆ ಬೇಕಿದ್ದದ್ದು ಒಂದೇ ಮಾಹಿತಿ. ಹುಳು ಯಾವಾಗ ಜ್ವರಕ್ಕೆ ಕೂತಿತು, ಯಾವಾಗ ಎದ್ದಿತು. ಪೊರೆ ಬಿಡುವ ಈ ಹೊತ್ತಿನಲ್ಲಿ ಹುಳು ತಿನ್ನುವುದು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂರುತ್ತದೆ. ಹೆಚ್ಚಿನವು ಕೂತ ಮೇಲೆ ಸುಣ್ಣದ ಪುಡಿ ಉದುರಿಸಿ ಹಾಸು ಒಣಗಿಸಬೇಕು. ಬಹುಪಾಲು ಏಳುವ ತನಕ ಸೊಪ್ಪು ಹಾಕಬಾರದು. ಮೊದಲು ಎದ್ದವಕ್ಕೆ ಆತುರಪಟ್ಟು ಹಾಕಿದರೆ ಹುಳು ದೊಡ್ಡದು ಚಿಕ್ಕದಾಗಿ ಬೆರೆತು ಹೋಗುತ್ತದೆ. ರಾತ್ರಿಯಿಡೀ ಎದ್ದೆದ್ದು ನೋಡುವ ಕೆಲಸ ಅದು.

ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನ ಎಲ್‌ಇಡಿ ಹಾಕಬಹುದಲ್ವಾ ಅಂತ ನಿಮಗೂ ಅನ್ನಿಸಿರಬಹುದು. 850 ನ್ಯಾನೋಮೀಟರಿನದ್ದನ್ನು ಹಾಕಿ ನೋಡಿದೆ. ಚಿತ್ರವೇನೋ ಬೆಳಗಿತು, ಆದರೆ ಹುಳುವೇ ಕಾಣಲಿಲ್ಲ! ಹಸಿರು ಎಲೆ ಆ ಬೆಳಕನ್ನು ಚೆನ್ನಾಗಿ ವಾಪಸ್ ಕಳಿಸುತ್ತದೆ. ಉಪಗ್ರಹಗಳು ಬೆಳೆಯನ್ನು ಗುರುತಿಸುವುದೂ ಇದೇ ಗುಣದಿಂದ. ಹೀಗಾಗಿ ಬಿಳಿ ಹುಳುವೂ ಹಿಪ್ಪುನೇರಳೆ ಸೊಪ್ಪೂ ಒಂದೇ ಬಣ್ಣ. ಕೆಂಪು ಬೆಳಕಿನಲ್ಲಿ ಕಥೆ ಉಲ್ಟಾ. ಎಲೆ ಕೆಂಪನ್ನು ಹೀರುತ್ತದೆ, ಹುಳು ಹೀರುವುದಿಲ್ಲ. ಅಲ್ಲಿದ್ದದ್ದು ಹಳೇ ಹಳದಿ ಬಲ್ಬ್, ಅದರಲ್ಲಿ ಕೆಂಪಿನಂಶ ಜಾಸ್ತಿ. ಹೊಸ ಬೆಳಕೇನೂ ಬೇಕಾಗಲಿಲ್ಲ. ಕ್ಯಾಮೆರಾ ಕೆಂಪು, ಹಸಿರು, ನೀಲಿ ಬೆಳಕನ್ನು ಬೇರೆ ಬೇರೆ ಚಾನೆಲ್ ಆಗಿ ದಾಖಲಿಸುತ್ತದೆ, ಅದರಲ್ಲಿ ಕೆಂಪು ಒಂದನ್ನೇ ಇಟ್ಟುಕೊಂಡೆ.

ಬಳಸಿದ್ದು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಅದರ ಎಚ್‌ಕ್ಯೂ ಕ್ಯಾಮೆರಾ. ಮಾಮೂಲಿ ಜೆಪೆಗ್ ಫೋಟೋ ಬೇಡ, ಸೆನ್ಸರ್ ಕೊಟ್ಟ ಕಚ್ಚಾ ಡೇಟಾ ತೆಗೆದುಕೊಳ್ಳಿ. ಜೆಪೆಗ್‌ನ 8 ಬಿಟ್‌ನಲ್ಲಿ ಹೊಳಪಿಗೆ 256 ಹಂತ, ಈ ಕ್ಯಾಮೆರಾದ 12 ಬಿಟ್‌ನಲ್ಲಿ 4096. ಕತ್ತಲ ಮೂಲೆಯ ವಿವರವೆಲ್ಲ ಕೆಳಗಿನ ಹಂತಗಳಲ್ಲೇ ಅಡಗಿರುತ್ತದೆ. ಎಕ್ಸ್‌ಪೋಷರ್ (ಬೆಳಕು ಹಿಡಿಯುವ ಹೊತ್ತು), ಗೇನ್ (ಸಿಗ್ನಲ್ ಹಿಗ್ಗಿಸುವ ಮಟ್ಟ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಮೂರನ್ನೂ ಕ್ಯಾಮೆರಾ ತಾನೇ ಬದಲಿಸದಂತೆ ಲಾಕ್ ಮಾಡಿದೆ. ನಮ್ಮ ಕರೆಂಟ್ 50 ಹರ್ಟ್ಜ್, ಬಲ್ಬ್ ಮಿನುಗುವುದು 100 ಹರ್ಟ್ಜ್, ಅಂದರೆ 10 ಮಿಲಿಸೆಕೆಂಡಿಗೊಮ್ಮೆ. ಆದ್ದರಿಂದ ಎಕ್ಸ್‌ಪೋಷರ್ 10 ಮಿಲಿಸೆಕೆಂಡಿನ ಇಡೀ ಪಟ್ಟುಗಳಲ್ಲೇ ಇರಬೇಕು, 40 ಅಥವಾ 80 ಹೀಗೆ. ಇಲ್ಲದಿದ್ದರೆ ಚಿತ್ರದಲ್ಲಿ ಅಡ್ಡ ಪಟ್ಟೆ ಬರುತ್ತದೆ. ಸಂಜೆ ವೋಲ್ಟೇಜ್ ಇಳಿದರೆ ಇಡೀ ಚಿತ್ರ ಮಂಕಾಗುತ್ತದೆ. ಅದಕ್ಕೆ ರ‍್ಯಾಕಿನ ಅಂಚಿನಲ್ಲಿ ಒಂದು ಬಿಳಿ ರಟ್ಟು ಅಂಟಿಸಿ, ಅದರ ಹೊಳಪಿನಿಂದ ಪ್ರತಿ ಚಿತ್ರವನ್ನೂ ಭಾಗಿಸಿದೆ.

ಮುಂದಿನದು ನಾಯ್ಸ್, ಅಂದರೆ ಏನೂ ಬದಲಾಗದಿದ್ದರೂ ಪಿಕ್ಸೆಲ್‌ನ ಹೊಳಪು ನಡುಗುವುದು. ನಿಜವಾದ ತಲೆನೋವು ಇದೇ. ಹುಳು ನಿಧಾನ ಪ್ರಾಣಿ, ಇದು ನಮ್ಮ ಅದೃಷ್ಟ. ಒಂದೆರಡು ಸೆಕೆಂಡಿನಲ್ಲಿ 16 ಫ್ರೇಮ್ ತೆಗೆದು ಸರಾಸರಿ ಮಾಡಿದರೆ ನಾಯ್ಸ್ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಇನ್ನೂ ಕಡಿಮೆ ಬೇಕು ಅಂತ 64ಕ್ಕೆ ಹೋದರೆ ಲಾಭ ಎರಡು ಪಟ್ಟು ಮಾತ್ರ, ಅಷ್ಟರಲ್ಲಿ ಹುಳು ತಲೆ ತಿರುಗಿಸಿರುತ್ತದೆ.

ಒಂದು ನಿಮಿಷದ ಅಂತರದ ಎರಡು ಸರಾಸರಿ ಚಿತ್ರ ತೆಗೆದುಕೊಂಡು ಒಂದರಿಂದ ಇನ್ನೊಂದನ್ನು ಕಳೆದರೆ ಚಲನೆ ಸಿಗುತ್ತದೆ. ಎಷ್ಟು ವ್ಯತ್ಯಾಸ ಬಂದರೆ ಚಲನೆ ಅನ್ನಬೇಕು? ಒಂದೇ ಮಿತಿ ಇಟ್ಟರೆ ಕೆಲಸ ಆಗುವುದಿಲ್ಲ. ಕಚ್ಚಾ ಡೇಟಾದಲ್ಲಿ ಹೊಳೆಯುವ ಪಿಕ್ಸೆಲ್ ಜಾಸ್ತಿ ನಡುಗುತ್ತದೆ, ಕತ್ತಲದ್ದು ಕಡಿಮೆ. ಮಿತಿ ಚಿಕ್ಕದಾದರೆ ಬಲ್ಬಿನ ಕೆಳಗೆ ಸುಮ್ನೆ ಕೂತ ಹುಳುವೂ ಕುಣಿದಂತೆ ಕಾಣುತ್ತದೆ. ದೊಡ್ಡದಾದರೆ ಕೆಳಗಿನ ರ‍್ಯಾಕಿನಲ್ಲಿ ನಿಜವಾಗಿ ಹರಿದಾಡುವುದೂ ತಪ್ಪಿಹೋಗುತ್ತದೆ. ಹಾಗಾಗಿ ಹುಳುವಿಲ್ಲದ ಖಾಲಿ ರ‍್ಯಾಕನ್ನು ಸಾಲಾಗಿ ಚಿತ್ರ ತೆಗೆದು, ಯಾವ ಹೊಳಪಿಗೆ ಎಷ್ಟು ನಡುಕ ಅಂತ ಅಳೆದೆ. ಹೊಳಪಿನ ಎದುರು ವೇರಿಯನ್ಸ್ (ನಡುಕದ ವರ್ಗ) ಇಟ್ಟು ಗ್ರಾಫ್ ಹಾಕಿದರೆ ಹೆಚ್ಚುಕಡಿಮೆ ನೇರ ಗೆರೆ ಬರುತ್ತದೆ. ಆ ಗೆರೆಯಿಂದ ಪ್ರತಿ ಪಿಕ್ಸೆಲ್‌ಗೂ ಅದರದೇ ಮಿತಿ: ತನ್ನ ಮಾಮೂಲಿ ನಡುಕದ ನಾಲ್ಕು ಪಟ್ಟು. ಗೇನ್ ಬದಲಾದರೆ ಗೆರೆಯೂ ಬದಲಾಗುತ್ತದೆ. ಮೊದಲೇ ಲಾಕ್ ಮಾಡಿದ್ದು ಇದಕ್ಕೇ.

ಚಲನೆಯೊಂದೇ ಸಾಲದು, ಹುಳು ಎಲ್ಲಿದೆ ಅಂತಲೂ ಗೊತ್ತಾಗಬೇಕು. ಹೊಳಪಿನ ಗಡಿ ಹಾಕಿ ವಸ್ತುವನ್ನು ಹಿನ್ನೆಲೆಯಿಂದ ಬೇರ್ಪಡಿಸುವ ಓಟ್ಸುವಿನ 1979ರ ವಿಧಾನ ಇಲ್ಲಿ ಕೈಕೊಡುತ್ತದೆ. ಅದು ಇಡೀ ಚಿತ್ರಕ್ಕೆ ಒಂದೇ ಗಡಿ ಹಾಕುತ್ತದೆ. ರ‍್ಯಾಕಿನ ಅರ್ಧ ನೆರಳಲ್ಲಿದ್ದರೆ ಆ ಅರ್ಧ ಪೂರ್ತಿ ಕಪ್ಪು. ಮೊದಲು ಕ್ಲಾಹೆ ಮಾಡಿ, ಆಮೇಲೆ ಸುತ್ತಲಿನ ಸರಾಸರಿ ನೋಡಿ ಗಡಿ ಹಾಕುವ ಅಡಾಪ್ಟಿವ್ ಥ್ರೆಶೋಲ್ಡ್ ಬಳಸಿದೆ. ಕ್ಲಾಹೆ ಅಂದರೆ ಚಿತ್ರವನ್ನು ಚೌಕಗಳಾಗಿ ಮಾಡಿ, ಒಂದೊಂದರಲ್ಲೂ ಬೇರೆ ಬೇರೆಯಾಗಿ, ಆದರೆ ಮಿತಿಯೊಳಗೆ, ಕಾಂಟ್ರಾಸ್ಟ್ ಏರಿಸುವುದು. ಚಿತ್ರ ಸಂಸ್ಕರಣೆಯ ಸಾಫ್ಟ್‌ವೇರ್ ಓಪನ್‌ಸಿವಿಯಲ್ಲಿ ಈ ಮಿತಿ, ಅಂದರೆ ಕ್ಲಿಪ್ ಲಿಮಿಟ್, ನಾವು ಏನೂ ಹೇಳದಿದ್ದರೆ 40 ಇರುತ್ತದೆ. ಕತ್ತಲ ಚಿತ್ರಕ್ಕೆ ಅದು ತೀರಾ ಹೆಚ್ಚು, 2ರ ಆಸುಪಾಸು ಸಾಕು. ಚೌಕ ಹುಳುವಿನ ಉದ್ದದ ಎರಡು ಮೂರು ಪಟ್ಟು ಇರಲಿ. ಹುಳುವಿಗಿಂತ ಚಿಕ್ಕದಾದರೆ ಹುಳುವಿನ ಮೈಯೇ ಹಿನ್ನೆಲೆ ಅಂದುಕೊಂಡು ಚಪ್ಪಟೆ ಮಾಡಿಬಿಡುತ್ತದೆ. ಹುಳು ಬೆಳೆದಂತೆ ಇದನ್ನೂ ದೊಡ್ಡದು ಮಾಡುತ್ತಾ ಹೋಗಬೇಕು.

ಆದರೆ ಕ್ಲಾಹೆ ಮಾಡಿದ ಚಿತ್ರವನ್ನು ಚಲನೆ ಅಳೆಯಲು ಬಳಸಲೇಬೇಡಿ. ಕತ್ತಲ ಭಾಗದ ನಾಯ್ಸನ್ನೂ ಅದು ಎತ್ತಿ ತೋರಿಸುತ್ತದೆ. ಮೇಲೆ ಹೇಳಿದ ನೇರ ಗೆರೆಯ ಲೆಕ್ಕವೆಲ್ಲ ಅಲ್ಲಿಗೆ ಹೋಯಿತು. ಕಣ್ಣಿಗೆ ಚೆಂದ ಕಾಣುವ ಚಿತ್ರ ಬೇರೆ, ಅಳತೆಗೆ ಬರುವ ಚಿತ್ರ ಬೇರೆ. ನನ್ನ ಪ್ರೋಗ್ರಾಂನಲ್ಲಿ ಹುಳು ಗುರುತಿಸುವ ದಾರಿ, ಚಲನೆ ಅಳೆಯುವ ದಾರಿ ಎರಡೂ ಕೊನೆಯವರೆಗೂ ಬೇರೆಯಾಗಿಯೇ ಹೋಗುತ್ತವೆ. ಕತ್ತಲ ಚಿತ್ರವನ್ನು ಹಗಲಿನಂತೆ ಮಾಡುವ ನ್ಯೂರಲ್ ನೆಟ್‌ವರ್ಕ್‌ಗಳನ್ನು ನಾನು ದೂರ ಇಟ್ಟದ್ದೂ ಇದಕ್ಕೇ. ಇಲ್ಲದ ವಿವರವನ್ನು ಅವು ಬಿಡಿಸಿಬಿಟ್ಟರೆ ನಮಗೆ ಗೊತ್ತೇ ಆಗುವುದಿಲ್ಲ.

ಸುಣ್ಣ ಉದುರಿಸಿದ ಮೇಲೆ ಹುಳು, ಹಾಸು ಎರಡೂ ಬೆಳ್ಳಗಾಗುತ್ತವೆ. ಆಗ ಹುಳು ಗುರುತಿಸುವ ದಾರಿಯನ್ನು ನಿಲ್ಲಿಸಿ, ಸುಣ್ಣಕ್ಕೆ ಮುಂಚಿನ ಗುರುತನ್ನೇ ಇಟ್ಟುಕೊಂಡು ಚಲನೆ ಮಾತ್ರ ನೋಡುತ್ತೇನೆ. ಜ್ವರಕ್ಕೆ ಕೂತವು ಜಾಗ ಬಿಟ್ಟು ಕದಲುವುದಿಲ್ಲವಾದ್ದರಿಂದ ಇದು ನಡೆಯುತ್ತದೆ. ಎದ್ದವುಗಳ ಪಾಲು ಭಾವ ಹೇಳಿದ ಮಟ್ಟ ದಾಟಿದರೆ ಅವರ ಫೋನಿಗೆ ಮೆಸೇಜ್ ಹೋಗುತ್ತದೆ. ಕಡ್ಡಿ ಸಮೇತ ಹಾಕುವ ಸೊಪ್ಪಿನ ಅಡಿಯಲ್ಲಿ ಕೂತ ಹುಳು ಮಾತ್ರ ಮೇಲಿನ ಕ್ಯಾಮೆರಾಕ್ಕೆ ಸಿಗುವುದಿಲ್ಲ. ಅದಕ್ಕೆ ಮೆಸೇಜ್ ಬಂದ ಮೇಲೂ ಭಾವ ನಾಲ್ಕು ಕಡ್ಡಿ ಎತ್ತಿ ನೋಡಿಯೇ ಸೊಪ್ಪು ಹಾಕುತ್ತಾರೆ.