ನಾಯಿಯ ಭಯಕ್ಕೂ ಸೂಜಿಯ ಭಯಕ್ಕೂ ಒಂದೇ ಮದ್ದಲ್ಲ

ಮನಶ್ಶಾಸ್ತ್ರಜ್ಞೆಯಾಗಿ ಶಿವಮೊಗ್ಗದಲ್ಲಿ ಕೆಲಸ ಆರಂಭಿಸಿದ ಹೊಸತರಲ್ಲಿ, ಯಾವ ಬಗೆಯ ಭಯ ಹೊತ್ತು ಯಾರೇ ಬಂದರೂ ನಾನು ಮೊದಲು ಕಲಿಸುತ್ತಿದ್ದುದು ಮೈ ಸಡಿಲಿಸುವುದನ್ನು. ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪೆ 1958ರಲ್ಲಿ ಪುಸ್ತಕರೂಪದಲ್ಲಿ ಮಂಡಿಸಿದ ವಿಧಾನ ಅದು: ಸ್ನಾಯುಗಳು ಸಡಿಲಗೊಂಡು ಮನಸ್ಸು ಶಾಂತವಾಗಿರುವಾಗ, ಭಯದ ಸನ್ನಿವೇಶಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಮೆಟ್ಟಿಲುಗಳಂತೆ ಜೋಡಿಸಿ, ಒಂದೊಂದನ್ನೇ ಕಣ್ಣು ಮುಚ್ಚಿ ಕಲ್ಪಿಸಿಕೊಳ್ಳಬೇಕು. ಶಾಂತಿಯೂ ಭಯವೂ ಒಟ್ಟಿಗೆ ಇರಲಾರವು ಎಂಬುದು ಅದರ ತರ್ಕ. ಆ ತರ್ಕವನ್ನು ನಾನು ಪೂರ್ತಿಯಾಗಿ ನಂಬಿದ್ದೆ.

ಆ ನಂಬಿಕೆಯನ್ನು ಮೊದಲು ಅಲುಗಾಡಿಸಿದವರು ಒಬ್ಬ ಶಾಲಾ ಶಿಕ್ಷಕಿ. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಬೀದಿ ನಾಯಿಗಳಿಗೆ ಹೆದರಿ ಅವರು ದಿನವೂ ಸುತ್ತುದಾರಿಯಲ್ಲಿ ಶಾಲೆಗೆ ಹೋಗುತ್ತಿದ್ದರು. ಸೊನ್ನೆಯಿಂದ ನೂರರ ಅಳತೆಯಲ್ಲಿ ನಾಯಿಮರಿಯ ಚಿತ್ರಕ್ಕೆ ಹದಿನೈದು, ಗೇಟಿನೊಳಗೆ ಕಟ್ಟಿಹಾಕಿದ ನಾಯಿಗೆ ನಲವತ್ತು, ಕಾಲು ಮೂಸುವ ನಾಯಿಗೆ ತೊಂಬತ್ತೈದು ಎಂದು ಅವರು ಅಂಕ ಕೊಟ್ಟರು. ಏಳು ಭೇಟಿಗಳ ಹೊತ್ತಿಗೆ ಕಲ್ಪನೆಯಲ್ಲಿ ಕೊನೆಯ ಮೆಟ್ಟಿಲನ್ನೂ ನಿರಾಳವಾಗಿ ದಾಟಿದರು. ಅದಾದ ಮರುವಾರವೇ, ಚಹಾ ಅಂಗಡಿಯ ಬೆಂಚಿನಡಿ ಮಲಗಿದ್ದ ನಾಯಿಯನ್ನು ಕಂಡು ಹೌಹಾರಿ ರಸ್ತೆಗಿಳಿದಾಗ ಆಟೋ ಒಂದು ಕೂದಲೆಳೆಯಲ್ಲಿ ತಪ್ಪಿತು. ಭಯ ನನ್ನ ಕೋಣೆಯೊಳಗೆ ಮಾತ್ರ ತಗ್ಗಿತ್ತು.

ಆಗ ಹಳೆಯ ಪಾಠಗಳನ್ನು ಮತ್ತೆ ತೆರೆದೆ. 1924ರಷ್ಟು ಹಿಂದೆಯೇ ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮಗು ತನಗಿಷ್ಟವಾದದ್ದನ್ನು ತಿನ್ನುತ್ತಿರುವಾಗ ಜೀವಂತ ಮೊಲವನ್ನೇ ಹಂತಹಂತವಾಗಿ ಹತ್ತಿರ ತಂದಿದ್ದರು. 1969ರಲ್ಲಿ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಸಹೋದ್ಯೋಗಿಗಳು ಹಾವಿನ ಭಯವಿದ್ದವರಲ್ಲಿ ವಿಧಾನಗಳನ್ನು ಹೋಲಿಸಿ ನೋಡಿದಾಗ, ಚಿಕಿತ್ಸಕರು ತಾವು ಮಾಡಿ ತೋರಿಸಿ, ನಂತರ ಜೊತೆಗಿದ್ದು ಮಾಡಿಸಿದ ಕ್ರಮವೇ ಕಲ್ಪನೆಯ ವಿಧಾನಕ್ಕಿಂತ ಹೆಚ್ಚು ಫಲ ಕೊಟ್ಟಿತು.

ನಾನೂ ಅದನ್ನೇ ಅನುಸರಿಸಿದೆ. ಗೆಳತಿಯ ಮನೆಯ ಲಸಿಕೆ ಹಾಕಿಸಿದ ಮುದಿ ನಾಯಿಯೊಂದು ಜಗಲಿಯಲ್ಲಿ ಮಲಗಿತ್ತು. ಮುಂದೇನಾಗಬಹುದೆಂದು ಶಿಕ್ಷಕಿಯಿಂದ ಮೊದಲೇ ಬರೆಸಿಕೊಂಡೆ: “ಮುಟ್ಟಿದ ಕೂಡಲೇ ತಿರುಗಿ ಕಚ್ಚುತ್ತದೆ.” ನಾನು ನಾಯಿಯ ಬೆನ್ನ ಮೇಲೆ ಕೈಯಿಟ್ಟೆ. ಅವರು ನನ್ನ ಕೈಯ ಮೇಲೆ ಕೈಯಿಟ್ಟರು. ಕಾಲು ಗಂಟೆಯಲ್ಲಿ ನಾನು ಬೆರಳುಗಳನ್ನು ಒಂದೊಂದಾಗಿ ಹಿಂತೆಗೆದಾಗ, ಅವರ ಬೆವರಿದ ಅಂಗೈ ನೇರವಾಗಿ ರೋಮದ ಮೇಲಿತ್ತು. “ಮೇಡಂ, ಇದು ಉಸಿರಾಡೋದು ಗೊತ್ತಾಗ್ತಿದೆ” ಎಂದರು. ಬರೆದದ್ದನ್ನೂ ನಡೆದದ್ದನ್ನೂ ಪಕ್ಕಪಕ್ಕ ಇಟ್ಟು ಓದಿಸಿದೆ. ಅಂದು ಮೈ ಸಡಿಲಿಸುವ ಪಾಠ ನಡೆಯಲೇ ಇಲ್ಲ, ಅದರ ಅಗತ್ಯವೂ ಬೀಳಲಿಲ್ಲ. ಬೀದಿ ನಾಯಿಯನ್ನು ಮುಟ್ಟುವ ಗುರಿಯನ್ನು ನಾನು ಯಾರಿಗೂ ಕೊಡುವುದಿಲ್ಲ. ರೇಬೀಸ್ ಇರುವ ಊರಿನಲ್ಲಿ ಅಷ್ಟು ಎಚ್ಚರ ರೋಗವಲ್ಲ. ಅದರ ಪಕ್ಕದಲ್ಲಿ ನಡೆದುಹೋಗುವುದಷ್ಟೇ ನಮ್ಮ ಗುರಿಯಾಗಿತ್ತು, ಮೂರು ವಾರಗಳಲ್ಲಿ ಅವರು ನೇರ ದಾರಿಯಲ್ಲೇ ಶಾಲೆಗೆ ಹೋಗತೊಡಗಿದರು.

ಭಯದ ತುತ್ತತುದಿಗೆ ಒಮ್ಮೆಲೇ ಒಡ್ಡುವ ವಿಧಾನವನ್ನು ಒಬ್ಬರ ಮೇಲೆ ಪ್ರಯೋಗಿಸಿ ಕೈಬಿಟ್ಟೆ. ಹಲ್ಲಿಗೆ ಹೆದರುತ್ತಿದ್ದ ಯುವಕ ಹತ್ತೇ ನಿಮಿಷಕ್ಕೆ ಎದ್ದು ಹೋದ. ಭಯ ಏರಿದ್ದಾಗ ತಪ್ಪಿಸಿಕೊಂಡರೆ, ತಪ್ಪಿಸಿಕೊಂಡದ್ದೇ ಕ್ಷೇಮವೆಂಬ ಪಾಠ ಇನ್ನಷ್ಟು ಗಟ್ಟಿಯಾಗುತ್ತದೆ.

ಆದರೆ ನನ್ನನ್ನು ಇಂದಿಗೂ ಕಾಡುವ ತಪ್ಪು ಬೇರೆಯದು. ರಕ್ತ ಕಂಡರೆ ತಲೆಸುತ್ತುವ ನರ್ಸಿಂಗ್ ವಿದ್ಯಾರ್ಥಿನಿಗೂ ನಾನು ಮೈ ಸಡಿಲಿಸಲು ಕಲಿಸಿದೆ. ಉಳಿದ ಭಯಗಳಲ್ಲಿ ರಕ್ತದೊತ್ತಡ ಏರಿ ನಿಲ್ಲುತ್ತದೆ. ರಕ್ತ ಮತ್ತು ಸೂಜಿಯ ಭಯದಲ್ಲಿ ಮಾತ್ರ ಅನೇಕರಿಗೆ ಅದು ಮೊದಲು ಏರಿ, ನಂತರ ಧಡಕ್ಕನೆ ಕುಸಿಯುತ್ತದೆ. ಕುಸಿಯುವ ಮೈಯನ್ನು ಇನ್ನಷ್ಟು ಸಡಿಲಗೊಳಿಸಿದ್ದೆ. ರಕ್ತದ ಚಿತ್ರ ನೋಡುತ್ತಲೇ ಅವಳು ಕುರ್ಚಿಯಿಂದ ಜಾರಿ, ಮೇಜಿನ ಅಂಚು ತಗುಲಿ ಹುಬ್ಬು ಒಡೆದುಕೊಂಡಳು.

ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್-ಗೋರಾನ್ ಓಸ್ಟ್ ಮತ್ತು ಸಹೋದ್ಯೋಗಿ ಸ್ಟರ್ನರ್ 1987ರಲ್ಲಿ ವಿವರಿಸಿದ್ದು ಇದಕ್ಕೆ ನೇರ ವಿರುದ್ಧವಾದ ಉಪಾಯ. ತೋಳು, ಎದೆ, ಕಾಲುಗಳ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು, ಮುಖ ಬಿಸಿಯಾಗುವವರೆಗೆ ಬಿಗಿಹಿಡಿದು, ನಂತರ ಮೊದಲಿನ ಸ್ಥಿತಿಗೆ ಬಿಡಬೇಕೇ ಹೊರತು ಪೂರ್ತಿ ಸಡಿಲಬಿಡಬಾರದು. ಇಪ್ಪತ್ತು ಮೂವತ್ತು ಸೆಕೆಂಡು ಕಳೆದು ಮತ್ತೆ ಬಿಗಿಯಬೇಕು; ಹೀಗೆ ಐದು ಸಲ. ಅವಳು ಮನೆಯಲ್ಲಿ ದಿನವೂ ಅಭ್ಯಾಸ ಮಾಡಿದಳು. ನಂತರ ಅದೇ ಚಿತ್ರಗಳು, ಸಿರಿಂಜು, ಕೊನೆಗೆ ಪ್ರಯೋಗಾಲಯದಲ್ಲಿ ರಕ್ತ ತೆಗೆಯುವುದನ್ನು ನೋಡುವುದು. ಕಿವಿ ಗುಂಯ್‌ಗುಟ್ಟಿ ಬೆವರು ತಣ್ಣಗಾದೊಡನೆ ಬಿಗಿ ಹಿಡಿಯುವುದು ಅವಳಿಗೆ ರೂಢಿಯಾಯಿತು. ತಾನೇ ಸೂಜಿ ಹಿಡಿಯುವಾಗ ಕೈಗಳನ್ನು ಹಗುರವಾಗಿಟ್ಟು ತೊಡೆ ಮತ್ತು ಹೊಟ್ಟೆಯನ್ನಷ್ಟೇ ಬಿಗಿಯುವುದನ್ನು ನಾವಿಬ್ಬರೂ ಸೇರಿ ರೂಪಿಸಿಕೊಂಡೆವು.

ಈಗ ಯಾರೇ ಬರಲಿ, ವಿಧಾನದ ಮಾತೆತ್ತುವ ಮೊದಲು ನಾನು ಕೇಳುವ ಪ್ರಶ್ನೆ ಒಂದೇ: “ಹೆದರಿದಾಗ ಎಂದಾದರೂ ಕಣ್ಣು ಕತ್ತಲೆ ಬಂದು ಬಿದ್ದಿದ್ದೀರಾ?”