ಮಾರಿದ ಬೇಸ್ ಆಂಪ್ ಮತ್ತೆ ಬೇಕೆನಿಸಿದೆಯೇ? ಹಣ ಕೊಡುವ ಮುನ್ನ ಹೀಗೆ ಮಾಡಿ

ಭಾರ ಹೊರಲಾಗದೆಯೋ, ಇಡಲು ಜಾಗವಿಲ್ಲದೆಯೋ, ಹಗುರವಾದ ಹೊಸ ಹೆಡ್ (ಸ್ಪೀಕರ್ ಇಲ್ಲದ, ಸದ್ದು ಹೆಚ್ಚಿಸುವ ಪೆಟ್ಟಿಗೆ) ಕೈಗೆ ಬಂತೆಂದೋ ಬೇಸ್ ಗಿಟಾರಿನ ಹಳೆಯ ಆಂಪ್ ಮಾರಿದವರು ಬಹಳ ಮಂದಿ. ವರ್ಷ ಕಳೆದ ಮೇಲೆ ಅದರ ದನಿ ಕಾಡತೊಡಗುತ್ತದೆ. ಮತ್ತೆ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಗಟ್ಟಿಯಾಗಿ ಕಟ್ಟಿದ ಆಂಪ್, ಆಗಾಗ ರಿಪೇರಿ ಕಂಡರೆ, ದಶಕಗಳ ಕಾಲ ದುಡಿಯುತ್ತದೆ. ಆದರೆ ಕಿವಿಯಲ್ಲಿ ಉಳಿದಿರುವುದು ಆಂಪ್ ಒಂದರದೇ ದನಿಯಲ್ಲ. ಅಂದಿನ ತಂತಿ, ಕ್ಯಾಬಿನೆಟ್ (ಸ್ಪೀಕರ್‌ಗಳಿರುವ ಪೆಟ್ಟಿಗೆ), ಕೋಣೆ, ಅಂದು ಎಷ್ಟು ಜೋರಾಗಿ ನುಡಿಸುತ್ತಿದ್ದಿರಿ ಎಂಬುದು ಎಲ್ಲವೂ ಅದರಲ್ಲಿ ಬೆರೆತಿವೆ. ಇವನ್ನು ಬಿಡಿಸಿ ನೋಡದೆ ಹಣ ಕೊಟ್ಟರೆ ಅದೇ ಆಂಪ್ ಮನೆಗೆ ಬಂದರೂ ಅದೇ ದನಿ ಬರಲಿಕ್ಕಿಲ್ಲ.

ಮಾರಿದ ಕಾರಣ ಮೊದಲು

ಒಂದು ಹಾಳೆಯಲ್ಲಿ ಎರಡು ಸಾಲು ಬರೆಯಿರಿ: ಏಕೆ ಮಾರಿದ್ದು, ಈಗ ಏನು ಸಿಗುತ್ತಿಲ್ಲ. ಭಾರಕ್ಕೆ ಹೆದರಿ ಮಾರಿದ್ದರೆ ಆ ಭಾರ ಈಗಲೂ ಅಷ್ಟೇ ಇದೆ. 10 ಇಂಚಿನ 8 ಸ್ಪೀಕರ್‌ಗಳಿರುವ ಆಂಪೆಗ್ ಕಂಪನಿಯ ಎಸ್‌ವಿಟಿ ಕ್ಯಾಬಿನೆಟ್ 60 ಕಿಲೊ ದಾಟುತ್ತದೆ. ಅದರ ಮೇಲೆ ಕೂರುವ ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಹೆಡ್ 35 ಕಿಲೊ ದಾಟುತ್ತದೆ. ಮೆಟ್ಟಿಲು, ವಾಹನ, ಬೆನ್ನು ಈ ಮೂರೂ ಅಂದಿಗಿಂತ ಅನುಕೂಲವಾಗಿವೆಯೇ ಎಂದು ನೋಡಿ.

ಎರಡನೆಯ ಸಾಲಿನಲ್ಲಿ ‘ದನಿ ಚೆನ್ನಾಗಿತ್ತು’ ಎಂದು ಬರೆದರೆ ಉಪಯೋಗವಿಲ್ಲ. ‘ಡ್ರಮ್ ಜೊತೆಗೆ ಸ್ವರ ಮುಳುಗುತ್ತಿರಲಿಲ್ಲ’, ‘ಜೋರಾಗಿ ಮೀಟಿದಾಗ ದನಿ ತುಸು ಒರಟಾಗುತ್ತಿತ್ತು’, ‘ಬೆರಳು ಉಜ್ಜುವ ಸದ್ದು ಕೇಳುತ್ತಿರಲಿಲ್ಲ’ ಎಂಬಂತೆ ಬಿಡಿಸಿ ಬರೆದರೆ ಒಂದೊಂದಕ್ಕೂ ಕಾರಣ ಹುಡುಕಬಹುದು.

ಈಗಿರುವ ಆಂಪ್‌ನಲ್ಲೇ ಹುಡುಕಿ ನೋಡಿ

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ತಂತಿಯದು. ಅಂದು ಹಾಕುತ್ತಿದ್ದ ಬಗೆಯ ತಂತಿಯನ್ನೇ ಹಾಕಿ. ಹೊಸ ರೌಂಡ್‌ವೌಂಡ್ (ದುಂಡು ಸುತ್ತಿನ, ಒರಟು ಮೈಯ) ತಂತಿಗೂ ಹಳೆಯ ಫ್ಲಾಟ್‌ವೌಂಡ್ (ಚಪ್ಪಟೆ ಸುತ್ತಿನ, ನುಣುಪು ಮೈಯ) ತಂತಿಗೂ ಇರುವ ಅಂತರ ಅನೇಕ ಆಂಪ್‌ಗಳ ನಡುವಿನ ಅಂತರಕ್ಕಿಂತ ದೊಡ್ಡದು.

ನಂತರ ಜೋರು. ಸದ್ದು ಕಡಿಮೆಯಾದಂತೆ ನಮ್ಮ ಕಿವಿ ಮಂದ್ರ ಸ್ವರಗಳನ್ನು ಹೆಚ್ಚು ಹೆಚ್ಚು ಕಳೆದುಕೊಳ್ಳುತ್ತದೆ. ಸಂಶೋಧಕರಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಪ್ರಕಟಿಸಿದ ರೇಖೆಗಳು ತೋರಿಸಿದ್ದು ಇದನ್ನೇ. ವೇದಿಕೆಯಲ್ಲಿ ಜೋರಾಗಿ ಕೇಳಿದ ಆಂಪ್‌ನ ನೆನಪನ್ನು, ಮನೆಯಲ್ಲಿ ಮೆಲ್ಲಗೆ ನುಡಿಸುವ ಆಂಪ್‌ನ ಪಕ್ಕ ಇಟ್ಟರೆ ಎರಡನೆಯದು ತೆಳುವಾಗಿಯೇ ಕೇಳುತ್ತದೆ. ಈಗಿನ ಆಂಪ್ ಅನ್ನು ಒಮ್ಮೆಯಾದರೂ ಡ್ರಮ್ ಪಕ್ಕ, ಅಂದಿನಷ್ಟೇ ಜೋರಾಗಿ ಕೇಳಿ.

ಕೋಣೆಯ ಪಾಲು ಇನ್ನೂ ದೊಡ್ಡದು. ಬೇಸ್‌ನ ತೆರೆದ ಇ ತಂತಿ 41.2 ಹರ್ಟ್ಜ್‌ನಲ್ಲಿ ಮಿಡಿಯುತ್ತದೆ. ಗಾಳಿಯಲ್ಲಿ ಆ ಅಲೆಯ ಉದ್ದ ಸುಮಾರು 8.3 ಮೀಟರ್. ಅದರ ಅರ್ಧದಷ್ಟು, ಅಂದರೆ 4.2 ಮೀಟರ್ ಆಸುಪಾಸು ಉದ್ದದ ಕೋಣೆಯಲ್ಲಿ ಇ ಸ್ವರ ಗೋಡೆಯ ಬಳಿ ಉಬ್ಬಿ ಗುಡುಗುತ್ತದೆ, ನಡುಮಧ್ಯದಲ್ಲಿ ಕಾಣೆಯಾಗುತ್ತದೆ. ದೋಷ ಆಂಪ್‌ನದಲ್ಲ. ಕ್ಯಾಬಿನೆಟ್ ಅನ್ನು ಮೂಲೆಯಿಂದ ಅರ್ಧ ಮೀಟರ್ ಎಳೆದು, ನೀವು ನಿಲ್ಲುವ ಜಾಗವನ್ನೂ ಬದಲಿಸಿ ಕೇಳಿ. ಒಂದೊಂದು ಸ್ವರ ಮಾತ್ರ ಉಬ್ಬಿ ಉಳಿದವು ಸೊರಗಿದರೆ ಅದು ಕೋಣೆಯ ಕೆಲಸ.

ಇನ್ನು ನಾಬ್‌ಗಳು. ಎಲ್ಲವನ್ನೂ ನಡುವಿಗೆ ತಿರುಗಿಸಿಟ್ಟರೆ ದನಿ ಸಮವಾಗಿರುತ್ತದೆ ಎಂಬ ನಂಬಿಕೆ ತಪ್ಪು. ಹಲವು ಹಳೆಯ ಆಂಪ್‌ಗಳ ಟೋನ್ ಸರ್ಕ್ಯೂಟ್ ನಾಬ್ ನಡುವಿನಲ್ಲಿದ್ದಾಗಲೇ ಮಧ್ಯದ ಸ್ವರಗಳನ್ನು ತಗ್ಗಿಸುತ್ತದೆ. ಟ್ವೀಟರ್ (ತಾರ ಸದ್ದಿಗೆ ಮೀಸಲಾದ ಚಿಕ್ಕ ಸ್ಪೀಕರ್) ಇಲ್ಲದ ಹಳೆಯ ಸ್ಪೀಕರ್‌ಗಳಲ್ಲಿ 4–5 ಕಿಲೋಹರ್ಟ್ಜ್ ಮೇಲಿನ ಸದ್ದು ಬೇಗ ಇಳಿದುಬಿಡುತ್ತದೆ. ಬೆರಳಿನ ಉಜ್ಜು ಕೇಳದಿರುವುದಕ್ಕೆ, ದನಿ ‘ದಪ್ಪ’ ಎನಿಸುವುದಕ್ಕೆ ಅದೇ ಕಾರಣ. ಹಾಗಾಗಿ ಈಗಿನ ಕ್ಯಾಬಿನೆಟ್‌ನ ಟ್ವೀಟರ್ ಆಫ್ ಮಾಡಿ, 200ರಿಂದ 400 ಹರ್ಟ್ಜ್ ನಡುವೆ 3 ಡೆಸಿಬೆಲ್ ಏರಿಸಿ, 40 ಹರ್ಟ್ಜ್‌ಗಿಂತ ಕೆಳಗಿನದನ್ನು ತುಸು ಇಳಿಸಿ, ಒಂದು ವಾರ ನುಡಿಸಿ. ಕಾಡುತ್ತಿದ್ದ ದನಿಯ ಬಹುಪಾಲು ಇಷ್ಟರಲ್ಲೇ ಸಿಗುವುದುಂಟು.

ಹೆಡ್ ಬೇಕೋ, ಕ್ಯಾಬಿನೆಟ್ ಬೇಕೋ

ಇಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟ: ಹೆಚ್ಚಿನವರು ಹೆಡ್‌ನ ಹೆಸರು ಹೇಳುತ್ತಾರೆ, ಅವರಿಗೆ ಬೇಕಿರುವುದು ಕ್ಯಾಬಿನೆಟ್. ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಮಂದ್ರದ ಕೊನೆಯಲ್ಲಿ ಸದ್ದು ಆಕ್ಟೇವ್‌ಗೆ ಸುಮಾರು 12 ಡೆಸಿಬೆಲ್‌ನಂತೆ ನಿಧಾನ ಇಳಿಯುತ್ತದೆ. ಪೋರ್ಟ್ ರಂಧ್ರವಿರುವ ಪೆಟ್ಟಿಗೆ ಇನ್ನಷ್ಟು ಕೆಳಗಿನವರೆಗೆ ಸದ್ದು ಕೊಟ್ಟು, ಆಮೇಲೆ ಸುಮಾರು 24 ಡೆಸಿಬೆಲ್‌ನಂತೆ ಧಡಕ್ಕನೆ ಬೀಳುತ್ತದೆ. ಕೈಗೆ ಸಿಗುವ ಅನುಭವವೇ ಬೇರೆ. ಆದ್ದರಿಂದ ಹೆಡ್ ಕೊಳ್ಳುವ ಮುನ್ನ ನಿಮ್ಮ ಈಗಿನ ಹೆಡ್ ಅನ್ನು ಹಳೆಯ ಬಗೆಯ ಕ್ಯಾಬಿನೆಟ್‌ಗೆ ಹಾಕಿ ಕೇಳಿ.

ವ್ಯಾಟ್ ಲೆಕ್ಕಕ್ಕೆ ಮರುಳಾಗಬೇಡಿ. 300 ವ್ಯಾಟ್ ಮತ್ತು 500 ವ್ಯಾಟ್ ನಡುವೆ ಇರುವುದು 2.2 ಡೆಸಿಬೆಲ್ ಅಂತರ. ಸದ್ದು ‘ಎರಡರಷ್ಟು’ ಜೋರೆನಿಸಲು ಹತ್ತಿರ ಹತ್ತಿರ ಹತ್ತು ಪಟ್ಟು ವ್ಯಾಟ್ ಬೇಕು. ಹೀಗಿದ್ದೂ 500 ವ್ಯಾಟ್‌ನ ಕ್ಲಾಸ್ ಡಿ (ಹಗುರವಾದ, ಇಂದಿನ ಬಗೆಯ ಟ್ರಾನ್ಸಿಸ್ಟರ್) ಹೆಡ್‌ಗಿಂತ 300 ವ್ಯಾಟ್‌ನ ವಾಲ್ವ್ ಹೆಡ್ ದೊಡ್ಡದಾಗಿ ಕೇಳಿದರೆ ಅದಕ್ಕೂ ಕಾರಣವಿದೆ. ವಾಲ್ವ್ ಹೆಡ್ ಮಿತಿ ಮುಟ್ಟಿದಾಗ ಅಲೆಯ ತುದಿಯನ್ನು ಮೆತ್ತಗೆ ಒತ್ತುತ್ತದೆ, ಸ್ಪೀಕರ್ ಕೋನ್ ಅನ್ನು ಸಡಿಲವಾಗಿ ಹಿಡಿಯುತ್ತದೆ. ಹಾಗಾಗಿ ಪೆಟ್ಟಿಗೆಯ ಸ್ವಂತ ಗುಂಯ್ ಕೂಡ ದನಿಯಲ್ಲಿ ಸೇರುತ್ತದೆ. ನಿಮ್ಮ ಹಾಳೆಯಲ್ಲಿ ‘ಜೋರಾಗಿ ಮೀಟಿದಾಗ ಒರಟಾಗುತ್ತಿತ್ತು’ ಎಂದಿದ್ದರೆ ಬೇಕಿರುವುದು ನಿಜವಾಗಿಯೂ ಹೆಡ್ಡೇ.

ಹಳೆಯ ಬಗೆಯ ಆಂಪ್, ಈಗಿನ ಆಂಪ್ ಎರಡನ್ನೂ ಅಕ್ಕಪಕ್ಕ ಕೇಳುವ ಅವಕಾಶ ಸಿಕ್ಕರೆ ಲೂಪರ್ ಪೆಡಲ್‌ನಲ್ಲಿ ಅರ್ಧ ನಿಮಿಷದ ಒಂದು ತುಣುಕು ಹಿಡಿದಿಟ್ಟು ಅದನ್ನೇ ಎರಡರಲ್ಲೂ ಹಾಯಿಸಿ. ಬೆರಳು ಪ್ರತಿ ಸಲ ಬೇರೆಯಾಗಿ ಮೀಟುತ್ತದೆ, ಲೂಪರ್ ಹಾಗಲ್ಲ. ಫೋನಿನ ಸದ್ದಳೆಯುವ ಆ್ಯಪ್ ಅನ್ನು ಒಂದೇ ಜಾಗದಲ್ಲಿಟ್ಟು ಎರಡರ ಜೋರನ್ನೂ ಅರ್ಧ ಡೆಸಿಬೆಲ್ ಒಳಗೆ ಸರಿದೂಗಿಸಿ. ತುಸು ಜೋರಿರುವುದೇ ‘ಒಳ್ಳೆಯ ದನಿ’ ಎನಿಸಿಬಿಡುತ್ತದೆ, ಅದನ್ನು ತಪ್ಪಿಸಲು ಇದು ಬೇಕೇ ಬೇಕು. ಬದಲಿಸುವ ಕೆಲಸ ಇನ್ನೊಬ್ಬರಿಗೆ ಕೊಟ್ಟು ನೀವು ಬೆನ್ನು ತಿರುಗಿಸಿ ನಿಲ್ಲಿ.

ಹೆಸರು ಒಂದೇ, ಆಂಪ್ ಬೇರೆ

ಒಂದೇ ಹೆಸರಿನಲ್ಲಿ ವರ್ಷಗಟ್ಟಲೆ ಬಂದ ಆಂಪ್‌ಗಳ ಒಳಗು ಬದಲಾಗುತ್ತಲೇ ಇರುತ್ತದೆ. 1969ರಲ್ಲಿ ಬಂದ ಮೊದಲ ಎಸ್‌ವಿಟಿಗಳಲ್ಲಿ 6146 ಎಂಬ ಮಾದರಿಯ ವಾಲ್ವ್‌ಗಳಿದ್ದವು, ಬಳಿಕ 6550 ಮಾದರಿಯವು ಬಂದವು. ಹೆಸರು ಹಾಗೆಯೇ ಉಳಿಯಿತು. ನಿಮ್ಮದು ಯಾವ ಕಾಲದ್ದೆಂದು ಹಳೆಯ ಫೋಟೊ, ರಸೀದಿ, ಸೀರಿಯಲ್ ನಂಬರ್‌ಗಳಿಂದ ಖಚಿತಪಡಿಸಿಕೊಳ್ಳಿ. ಹಳೆಯ ಅಮೆರಿಕನ್ ಆಂಪ್‌ಗಳಾದರೆ ಪೊಟೆನ್ಶಿಯೊಮೀಟರ್‌ನ (ನಾಬ್ ತಿರುಗಿಸುವ ಒಳಭಾಗ) ಲೋಹದ ಮೈಮೇಲಿನ ಅಂಕಿಗಳು ನೆರವಾಗುತ್ತವೆ. 1377633 ಎಂದಿದ್ದರೆ 137 ಎಂಬುದು ಸಿಟಿಎಸ್ ಕಂಪನಿ, 76 ಎಂದರೆ 1976, 33 ಎಂದರೆ ಆ ವರ್ಷದ 33ನೇ ವಾರ. ಸ್ಪೀಕರ್‌ಗಳ ಮೇಲೂ ಇಂಥ ಸಂಕೇತವಿರುತ್ತದೆ: 67 ಎಮಿನೆನ್ಸ್, 220 ಜೆನ್ಸನ್. ಉಳಿದ ಭಾಗಗಳಿಗಿಂತ ಹತ್ತು ವರ್ಷ ಹೊಸದಾದ ಸ್ಪೀಕರ್ ಕಂಡರೆ ಅದನ್ನು ಯಾರೋ ಬದಲಿಸಿದ್ದಾರೆ ಎಂದರ್ಥ.

ಮಾರಿದ ಆ ಆಂಪೇ ಬೇಕೆಂದಿದ್ದರೆ ಕೊಂಡವರನ್ನು ನೇರವಾಗಿ ಕೇಳಿ. ‘ನಿಮಗೆ ಎಂದಾದರೂ ಕೊಡುವ ಮನಸ್ಸಾದರೆ ಮೊದಲು ನನಗೆ ಹೇಳಿ’ ಎಂದರೆ ಸಾಕು, ಒತ್ತಾಯ ಬೇಡ. ಅವರ ಕೈಯಲ್ಲಿ ವಾಲ್ವ್, ಸ್ಪೀಕರ್, ಫ್ಯೂಸ್ ಯಾವುದು ಬದಲಾಗಿದೆ, ಎಲ್ಲಾದರೂ ಬಿದ್ದಿತ್ತೇ ಎಂಬುದನ್ನು ಆಗಲೇ ಕೇಳಿಕೊಳ್ಳಿ. ನೀವು ಕೊಟ್ಟಾಗ ಚೆನ್ನಾಗಿತ್ತು ಎಂಬುದು ಈಗಿನ ಸ್ಥಿತಿಗೆ ಖಾತರಿಯಲ್ಲ.

ಎದುರಿಗಿಟ್ಟು ಪರೀಕ್ಷಿಸುವ ಬಗೆ

ನಿಮ್ಮದೇ ಬೇಸ್, ಎರಡು ಗಿಟಾರ್ ಕೇಬಲ್, ಒಂದು ಚಿಕ್ಕ ಪ್ಯಾಚ್ ಕೇಬಲ್, ಸ್ಪೀಕರ್ ಕೇಬಲ್, ಮಲ್ಟಿಮೀಟರ್, ಟಾರ್ಚ್ ಒಯ್ಯಿರಿ. ನೀವು ಬರುವವರೆಗೆ ಆಂಪ್ ಆನ್ ಮಾಡಬಾರದೆಂದು ಮೊದಲೇ ಕೇಳಿಕೊಳ್ಳಿ. ಎಷ್ಟೋ ದೋಷಗಳು ತಣ್ಣಗಿದ್ದಾಗ ಮಾತ್ರ ಇಲ್ಲವೇ ಬಿಸಿಯಾದ ಮೇಲೆ ಮಾತ್ರ ಹೊರಬೀಳುತ್ತವೆ, ಎರಡೂ ಸ್ಥಿತಿಯನ್ನು ನೋಡಬೇಕು.

ಪ್ಲಗ್ ಹಾಕುವ ಮೊದಲೇ ಹಿಂಬದಿ ಓದಿ. ವೋಲ್ಟೇಜ್ ನಿಮ್ಮ ಊರಿನ ಕರೆಂಟಿಗೆ ಹೊಂದುತ್ತದೆಯೇ? ಫ್ಯೂಸ್ ಹೊರತೆಗೆದು ಪ್ಯಾನೆಲ್ ಮೇಲೆ ಬರೆದಷ್ಟೇ ಆಂಪಿಯರ್ ಇದೆಯೇ ನೋಡಿ. ಹೆಚ್ಚಿನದ್ದು ಹಾಕಿದ್ದರೆ ಅಥವಾ ಫಾಯಿಲ್ ಸುತ್ತಿದ್ದರೆ ಫ್ಯೂಸ್ ಪದೇ ಪದೇ ಸುಡುತ್ತಿತ್ತು, ಕಾರಣ ಹುಡುಕದೆ ಮುಚ್ಚಿದ್ದಾರೆ. ಅಂಥದ್ದನ್ನು ಬಿಟ್ಟು ಬನ್ನಿ. ಪ್ಲಗ್‌ನ ಅರ್ತ್ ಪಿನ್‌ಗೂ ಆಂಪ್‌ನ ಬರಿಯ ಲೋಹಕ್ಕೂ ನಡುವೆ ಮೀಟರ್ 1 ಓಮ್‌ಗಿಂತ ಕಡಿಮೆ ತೋರಿಸಬೇಕು. ಅರ್ತ್ ಪಿನ್ ಕತ್ತರಿಸಿದ ಆಂಪ್ ಮುಟ್ಟಬೇಡಿ, ಒಂದು ಕೈ ತಂತಿಯ ಮೇಲೆ, ತುಟಿ ಮೈಕ್‌ಗೆ ತಾಗುವ ಕೆಲಸ ಇದು.

ವಾಲ್ವ್ ಹೆಡ್ ಆದರೆ ಸ್ಪೀಕರ್ ಜೋಡಿಸದೆ ಆನ್ ಮಾಡಲೇಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡಬಹುದು. ಓಮ್ ಸ್ವಿಚ್ ಕ್ಯಾಬಿನೆಟ್‌ಗೆ ಹೊಂದಿಸಿ. ವಾಲ್ವ್ ಇಲ್ಲದ ಟ್ರಾನ್ಸಿಸ್ಟರ್ ಹೆಡ್‌ನಲ್ಲಿ ಕ್ರಮ ತಿರುಗುಮುರುಗು: ಮೊದಲು ಸ್ಪೀಕರ್ ಇಲ್ಲದೆ, ವಾಲ್ಯೂಮ್ ಸೊನ್ನೆಯಲ್ಲಿಟ್ಟು, ಸ್ಪೀಕರ್ ಜ್ಯಾಕ್‌ನ ಎರಡು ತುದಿಗಳ ನಡುವೆ ಡಿಸಿ ಅಳೆಯಿರಿ. ಕೆಲವು ಹತ್ತು ಮಿಲಿವೋಲ್ಟ್ ಇದ್ದರೆ ಸರಿ, 100 ದಾಟಿದರೆ ಅನುಮಾನಿಸಿ. ವೋಲ್ಟ್‌ಗಟ್ಟಲೆ ತೋರಿಸಿದರೆ ಔಟ್‌ಪುಟ್ ಭಾಗ ಕೆಟ್ಟಿದೆ, ಜೋಡಿಸಿದ ಸ್ಪೀಕರ್ ಸುಡುತ್ತದೆ. ಮೀಟರ್‌ನ ಒಂದು ಕಡ್ಡಿಯನ್ನು ಆಂಪ್‌ನ ಮೈಗೆ ಹಿಡಿದು ಅಳೆಯಬೇಡಿ. ಹಲವು ಕ್ಲಾಸ್ ಡಿ ಹೆಡ್‌ಗಳಲ್ಲಿ ಸ್ಪೀಕರ್‌ನ ಎರಡು ತುದಿಗಳಲ್ಲಿ ಯಾವುದೂ ಅರ್ತ್ ಅಲ್ಲ.

ಆನ್ ಮಾಡಿ ಏನೂ ನುಡಿಸದೆ ಗುಂಯ್ ಸದ್ದನ್ನು ಕೇಳಿ. ಬೇಸ್ ನುಡಿಸುವವರಿಗೆ ಇದನ್ನು ಅಳೆಯಲು ಉಪಕರಣ ಬೇಡ. 50 ಹರ್ಟ್ಜ್ ಕರೆಂಟ್ ಇರುವಲ್ಲಿ ಗುಂಯ್ ತೆರೆದ ಜಿ ತಂತಿಯ (98 ಹರ್ಟ್ಜ್) ಹತ್ತಿರವಿದ್ದರೆ ಅದು 100 ಹರ್ಟ್ಜ್: ಪವರ್ ಸಪ್ಲೈನ ಫಿಲ್ಟರ್ ಕೆಪ್ಯಾಸಿಟರ್‌ಗಳು ಒಣಗಿವೆ. ಅದಕ್ಕಿಂತ ಒಂದು ಆಕ್ಟೇವ್ ಕೆಳಗೆ, ಇ ತಂತಿಯ ಮೂರನೇ ಫ್ರೆಟ್ ಹತ್ತಿರವಿದ್ದರೆ 50 ಹರ್ಟ್ಜ್: ಅರ್ತ್, ಕೇಬಲ್ ಇಲ್ಲವೇ ವಾಲ್ವ್‌ನ ಹೀಟರ್ ಕಡೆಯ ತೊಂದರೆ. ಕರೆಂಟ್ 60 ಹರ್ಟ್ಜ್ ಇರುವ ದೇಶಗಳಲ್ಲಿ ಎರಡೂ ಬಿ ಸ್ವರಕ್ಕೆ ತುಸು ಕೆಳಗೆ ಬೀಳುತ್ತವೆ. ವಾಲ್ಯೂಮ್ ಸೊನ್ನೆಗಿಳಿಸಿದಾಗ ನಿಂತುಹೋಗುವ ಗುಂಯ್ ಪ್ರೀಆಂಪ್‌ನದು (ಆಂಪ್‌ನ ಮೊದಲ ಹಂತದ್ದು), ಸರಿಪಡಿಸುವುದು ಸುಲಭ.

ಪ್ರತಿ ನಾಬ್ ತಿರುಗಿಸಿ. ಕರಕರ ಎಂದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಕ್ಲೀನರ್ ಹಾಕಿದರೂ ನಿಲ್ಲದಿದ್ದರೆ ಕೆಪ್ಯಾಸಿಟರ್ ಒಂದು ಡಿಸಿ ಸೋರಿಸುತ್ತಿರಬಹುದು. ಸದ್ದು ಬಂದು ಹೋಗಿ ಮಾಡಿದರೆ ಪ್ಯಾಚ್ ಕೇಬಲ್‌ನಿಂದ ಎಫೆಕ್ಟ್ ಲೂಪ್‌ನ (ಹೊರಗಿನ ಎಫೆಕ್ಟ್ ಪೆಡಲ್ ಜೋಡಿಸುವ ಜ್ಯಾಕ್‌ಗಳು) ಸೆಂಡ್, ರಿಟರ್ನ್ ಎರಡನ್ನೂ ಸೇರಿಸಿ. ಆಗ ಸರಿಹೋದರೆ ರಿಟರ್ನ್ ಜ್ಯಾಕ್‌ನೊಳಗಿನ ಕಾಂಟ್ಯಾಕ್ಟ್ ಕಿಲುಬು ಹಿಡಿದಿದೆ ಅಷ್ಟೇ. ‘ಹಾಳಾಗಿದೆ’ ಎಂದು ಅಗ್ಗಕ್ಕೆ ಬರುವ ಆಂಪ್‌ಗಳಲ್ಲಿ ಈ ದೋಷ ಸಾಮಾನ್ಯ.

ಆಮೇಲೆ ಅರ್ಧ ಗಂಟೆ ನುಡಿಸಿ, ಹತ್ತು ನಿಮಿಷವಾದರೂ ಜೋರಾಗಿ. ವಾಲ್ವ್‌ನ ಒಳಗಿನ ಬೂದು ತಗಡು ಕೆಂಪಗೆ ಕಾದರೆ ತಕ್ಷಣ ಆರಿಸಿ. ಬಯಾಸ್ (ಸುಮ್ಮನಿದ್ದಾಗ ವಾಲ್ವ್ ಎಳೆಯುವ ಕರೆಂಟಿನ ಹೊಂದಿಕೆ) ತಪ್ಪಿದೆ ಅಥವಾ ವಾಲ್ವ್ ಕೆಟ್ಟಿದೆ. ಗಾಜಿಗೆ ಅಂಟಿದಂತೆ ಕಾಣುವ ನೀಲಿ ಬೆಳಕಿಗೆ ಹೆದರಬೇಕಿಲ್ಲ. ಪ್ರೀಆಂಪ್‌ನ ಚಿಕ್ಕ ವಾಲ್ವ್‌ಗಳನ್ನು ಮರದ ಪೆನ್ಸಿಲ್‌ನಿಂದ ಮೆಲ್ಲಗೆ ತಟ್ಟಿ, ಸ್ಪೀಕರ್‌ನಲ್ಲಿ ಟಿಂಗ್ ಎಂದರೆ ಆ ಒಂದನ್ನು ಬದಲಿಸಿದರಾಯಿತು. ಆಂಪ್ ಬಿಚ್ಚಿ ಕೈ ಹಾಕಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ ನೂರಾರು ವೋಲ್ಟ್ ಉಳಿದಿರುತ್ತದೆ.

ಸ್ಪೀಕರ್‌ಗಳಿಗೆ ಬೇರೆಯೇ ಸಮಯ ಕೊಡಿ. 8 ಓಮ್ ಕ್ಯಾಬಿನೆಟ್ ಮೀಟರ್‌ನಲ್ಲಿ ಸುಮಾರು 6 ಓಮ್ ತೋರಿಸುವುದು ಸಹಜ. ಆದರೆ ಸ್ಪೀಕರ್‌ಗಳು ಹೆಚ್ಚಿದ್ದಷ್ಟೂ ಮೀಟರ್ ನಂಬಲಾಗದು. 32 ಓಮ್‌ನ 8 ಸ್ಪೀಕರ್‌ಗಳು ಪ್ಯಾರಲಲ್ ಆಗಿ ಸೇರಿ 4 ಓಮ್ ಆಗಿರುವಲ್ಲಿ ಒಂದು ಸತ್ತರೂ ಲೆಕ್ಕ 4.6ಕ್ಕಷ್ಟೇ ಏರುತ್ತದೆ. ಹಾಗಾಗಿ ಮೆಲ್ಲನೆಯ ಸದ್ದಿನಲ್ಲಿ ಒಂದೊಂದು ಸ್ಪೀಕರ್‌ಗೂ ಕಿವಿ ಹತ್ತಿರ ಹಿಡಿಯಿರಿ. ಆಂಪ್ ಆಫ್ ಮಾಡಿ, ಕೋನ್ ಅನ್ನು ನಾಲ್ಕು ಬೆರಳಿಂದ ಸಮವಾಗಿ ಒಳಕ್ಕೆ ಒತ್ತಿ. ಉಜ್ಜಿದ ಸದ್ದು ಬಂದರೆ ಕಾಯಿಲ್ ವಾಲಿದೆ. ಕೊನೆಗೆ ಫೋನಿನ ಟೋನ್ ಜನರೇಟರ್‌ನಿಂದ 40ರಿಂದ 400 ಹರ್ಟ್ಜ್‌ವರೆಗೆ ನಿಧಾನ ಏರಿಸಿದರೆ ಸಡಿಲ ತಿರುಪು, ಬಲೆ, ಹಿಡಿಕೆ ತಾವಾಗಿ ಝೇಂಕರಿಸಿ ತಮ್ಮ ಜಾಗ ತೋರಿಸುತ್ತವೆ.

ಬೆಲೆ ಕಟ್ಟುವುದು

ಅದೇ ಮಾದರಿ, ಅದೇ ಸ್ಥಿತಿಯಲ್ಲಿ ಈಗ ಎಷ್ಟಕ್ಕೆ ಮಾರಾಟವಾಗುತ್ತಿದೆ ಎಂಬುದರಿಂದ ಶುರು ಮಾಡಿ. ಜಾಹೀರಾತಿನಲ್ಲಿ ಕೇಳುತ್ತಿರುವ ಬೆಲೆಯನ್ನಲ್ಲ, ಕೈ ಬದಲಾದ ಬೆಲೆಯನ್ನು ನೋಡಿ. ಅದರಿಂದ ಮಾಡಿಸಬೇಕಾದ ಕೆಲಸದ ಖರ್ಚು ಕಳೆಯಿರಿ: ಜೋಡಿ ಕೂಡಿಸಿದ ಪವರ್ ವಾಲ್ವ್‌ಗಳು ಮತ್ತು ಬಯಾಸ್, ಇಪ್ಪತ್ತು ವರ್ಷ ದಾಟಿದ್ದರೆ ಫಿಲ್ಟರ್ ಕೆಪ್ಯಾಸಿಟರ್‌ಗಳು, ಸಾಗಣೆ. ನೀವು ಎಷ್ಟಕ್ಕೆ ಮಾರಿದ್ದಿರಿ ಎಂಬುದನ್ನು ಲೆಕ್ಕಕ್ಕೆ ತರಬೇಡಿ. ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸತ್ತ ವಾಲ್ವ್ ಹೆಡ್, ಬೋರ್ಡ್ ಸಿಗದ ಕ್ಲಾಸ್ ಡಿ ಹೆಡ್ ಎರಡೂ ಎಷ್ಟು ಅಗ್ಗವಾದರೂ ಬೇಡ.

ಸಾಗಿಸುವಾಗ ಹೆಡ್ ನೆಟ್ಟಗಿರಲಿ. ತಣ್ಣನೆಯ ವಾಹನದಿಂದ ಬೆಚ್ಚನೆಯ ಕೋಣೆಗೆ ತಂದಿದ್ದರೆ ಒಳಗೆ ಕಟ್ಟಿದ ತೇವ ಆರುವವರೆಗೆ ಎರಡು ಮೂರು ಗಂಟೆ ಆನ್ ಮಾಡಬೇಡಿ. ಹೆಡ್‌ನಿಂದ ಕ್ಯಾಬಿನೆಟ್‌ಗೆ ಗಿಟಾರ್ ಕೇಬಲ್ ಬೇಡ, ಅದರ ತೆಳು ತಂತಿ ಬಿಸಿಯಾಗಿ ಕರಗಿ ಆಂಪ್ ಅನ್ನೂ ಕೆಡಿಸಬಲ್ಲದು. ಈಗಿನ ಹಗುರ ಆಂಪ್ ಅನ್ನು ನಾಲ್ಕಾರು ಕಾರ್ಯಕ್ರಮ ಮುಗಿಯುವವರೆಗೆ ಜೊತೆಗಿಟ್ಟುಕೊಳ್ಳಿ. ಹಳೆಯದರ ಮೊದಲ ಸರ್ವಿಸ್ ಮುಗಿಯುವವರೆಗೆ ಅದು ಬೇಕಾಗುತ್ತದೆ.